ದೊಡ್ಡ ನೀರಿಗೆ ಚಿಕ್ಕ ದೋಣಿ: ಮೊದಲು ಬೀಳುವುದನ್ನು ಕಲಿಯಿರಿ

ಬೆಳಿಗ್ಗೆ ಆರೂವರೆಗೆ ಕಾರಂಜಾ ಜಲಾಶಯದ ದಂಡೆಯಲ್ಲಿ ನಿಂತರೆ ನೀರು ಮಿಸುಕಾಡುವುದಿಲ್ಲ. ಆಚೆ ದಂಡೆಯ ಬೇವಿನ ಮರ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತದೆ. ಇಷ್ಟೇ ಅಲ್ವಾ, ಹೋಗಿ ಮುಟ್ಟಿ ಬಂದು ನಾಷ್ಟಾ ಮಾಡೋಣ ಅನಿಸುತ್ತದೆ. ಮೂರು ವರ್ಷದ ಹಿಂದೆ ನಾನೂ ಹಾಗೆಯೇ ಹೊರಟಿದ್ದೆ. ಆಚೆಗೆ ಮುಟ್ಟಲು ಬೇಕಾದದ್ದು ಇಪ್ಪತ್ತು ನಿಮಿಷ. ಹೊಳ್ಳಿ ಬರಲು ಒಂದೂವರೆ ಗಂಟೆ.

ಹೋಗುವಾಗ ಗಾಳಿ ಬೆನ್ನಿಗಿತ್ತು. ನನ್ನ ತೋಳಿನ ಬಲದಿಂದಲೇ ದೋಣಿ ಓಡುತ್ತಿದೆ ಎಂದುಕೊಂಡಿದ್ದೆ. ತಿರುಗಿದ ಮೇಲೆ ಗೊತ್ತಾಯಿತು. ದಂಡೆಗೆ ಬಂದಾಗ ಬಲೆ ಒಣಗಿಸುತ್ತಿದ್ದ ಮೀನುಗಾರ ಮುತ್ಯಾ ಒಬ್ಬರು ನನ್ನ ಅಂಗೈಯ ಬೊಕ್ಕೆ ನೋಡಿ ಹೇಳಿದ್ದು ಇಷ್ಟೇ: "ತಮ್ಮಾ, ಗಾಳಿಗೆ ಎದುರು ಹೋಗಬೇಕು, ಗಾಳಿ ಬೆನ್ನಿಗೆ ಹಾಕ್ಕೊಂಡು ಹೊಳ್ಳಿ ಬರಬೇಕು. ನೀ ಉಲ್ಟಾ ಮಾಡಿದಿ."

ನಮ್ಮ ಕಡೆ ಬಹಳ ಜನ ಈಜು ಕಲಿತದ್ದು ಬಾವಿಯಲ್ಲಿ, ಬೆನ್ನಿಗೆ ಡಬ್ಬಿ ಕಟ್ಟಿಕೊಂಡು. ಬಾವಿಯಲ್ಲಿ ತೆರೆ ಇಲ್ಲ, ಗಾಳಿ ಇಲ್ಲ, ನಾಲ್ಕು ಕೈ ಹೊಡೆದರೆ ಗೋಡೆ ಸಿಗುತ್ತದೆ. ಆ ಧೈರ್ಯವನ್ನೇ ನಂಬಿ ದೊಡ್ಡ ನೀರಿಗೆ ಇಳಿಯುವುದು ಬೇಡ. ಹಾಗಂತ ದಂಡೆಯಲ್ಲೇ ಕೂರುವುದೂ ಬೇಡ. ದೋಣಿ ನಡೆಸುವುದನ್ನು ಕಲಿಯಲು ಐದಾರು ವಾರ, ವಾರಕ್ಕೊಂದು ಬೆಳಿಗ್ಗೆ ಕೊಟ್ಟರೆ ಸಾಕು.

ಎಲ್ಲಿ, ಯಾವಾಗ

ಬೀದರ್‌ನವರಿಗೆ ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಹತ್ತಿರದ ಕಾರಂಜಾ ಇದೆ. ಕಲಬುರಗಿಯವರಿಗೆ ಬೆಣ್ಣೆತೊರಾ, ಆಳಂದ ಕಡೆಯ ಅಮರ್ಜಾ, ಚಿಂಚೋಳಿಯ ಚಂದ್ರಂಪಳ್ಳಿ. ಯಾದಗಿರಿ ಕಡೆಯವರಿಗೆ ಕೃಷ್ಣಾ ನದಿಯ ನಾರಾಯಣಪುರ, ಅಂದರೆ ಬಸವಸಾಗರ. ಕಾರಂಜಾದಲ್ಲಿ ಸುಮಾರು 7.7 ಟಿಎಂಸಿ ನೀರು ನಿಲ್ಲುತ್ತದೆ, ಬಸವಸಾಗರದಲ್ಲಿ 33 ಟಿಎಂಸಿ. ಕಲಿಯುವವರಿಗೆ ಬಸವಸಾಗರ ಬೇಡ ಎನ್ನುವುದು ನನ್ನ ಮಾತು. ಅಲ್ಲಿ ಗಾಳಿಗೆ ಓಡಲು ಜಾಗ ಜಾಸ್ತಿ. ಗಾಳಿ ಎಷ್ಟು ಉದ್ದದ ನೀರಿನ ಮೇಲೆ ಬೀಸಿ ಬರುತ್ತದೋ ತೆರೆ ಅಷ್ಟು ದೊಡ್ಡದಾಗುತ್ತದೆ.

ಜಲಾಶಯಗಳು ನೀರಾವರಿ ನಿಗಮಗಳ ಕೈಯಲ್ಲಿವೆ. ದೋಣಿ ಇಳಿಸುವ ಮುಂಚೆ ಅಲ್ಲಿನ ಕಚೇರಿಯಲ್ಲಿ ಅನುಮತಿ ಕೇಳಿ. ಅಣೆಕಟ್ಟೆ, ಗೇಟು, ಕಾಲುವೆ ಬಾಯಿ ಇರುವ ಕಡೆ ಹತ್ತಿರವೂ ಸುಳಿಯಬೇಡಿ. ಗೇಟಿನ ಕೆಳಗಿನ ಹೊಳೆಯಂತೂ ಬೇಡವೇ ಬೇಡ. ಮೇಲಿನಿಂದ ನೀರು ಬಿಟ್ಟರೆ ಹೊಳೆ ಏರಲು ಹೊತ್ತು ಹಿಡಿಯುವುದಿಲ್ಲ. ಇನ್ನೊಂದು ಮಾತು: ಮಾಂಜ್ರಾ, ಭೀಮಾ, ಕೃಷ್ಣಾ ನದಿಗಳಲ್ಲಿ ಮೊಸಳೆಗಳಿವೆ. ಎಲ್ಲಿ ಇಳಿಯಬಹುದು, ಎಲ್ಲಿ ಇಳಿಯಬಾರದು ಎನ್ನುವುದು ದಿನಾ ಬಲೆ ಹಾಕುವವರಿಗೆ ಗೊತ್ತು. ಅವರನ್ನು ಕೇಳದೇ ಕಾಲಿಡಬೇಡಿ. ಕೇಳಿದರೆ ಸಂತೋಷದಿಂದ ಹೇಳುತ್ತಾರೆ, ಚಹಾನೂ ಕೊಡುತ್ತಾರೆ.

ಕಾಲ ಅಂದರೆ ನವೆಂಬರ್ ಕೊನೆಯಿಂದ ಫೆಬ್ರುವರಿ. ಮಳೆ ಮುಗಿದಿರುತ್ತದೆ, ಜಲಾಶಯ ತುಂಬಿರುತ್ತದೆ, ಬೆಳಗಿನ ಹೊತ್ತು ಗಾಳಿ ಕಡಿಮೆ. ಜನವರಿ 21ಕ್ಕೆ ಊರೂರಲ್ಲಿ ಅಂಬಿಗರ ಚೌಡಯ್ಯನವರ ಜಯಂತಿ ಮಾಡುತ್ತೇವೆ. ಮೆರವಣಿಗೆಯಲ್ಲಿ ಇರುವ ನಮ್ಮಲ್ಲಿ ಹುಟ್ಟು ಹಿಡಿದವರು ಎಷ್ಟು ಮಂದಿಯೋ! ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಜೋರು, ಹೊಸಬರು ಸುಮ್ನೆ ಮನೆಯಲ್ಲಿರಿ. ಏಪ್ರಿಲ್, ಮೇ ತಿಂಗಳ ಕಥೆ ಬೇರೆಯೇ ಇದೆ, ಮುಂದೆ ಹೇಳುತ್ತೇನೆ.

ದೋಣಿ ಮತ್ತು ಸಾಮಾನು

ನಮ್ಮ ಹೊಳೆ ದಂಡೆಯ ಹಳೇ ವಾಹನ ಹರಿಗೋಲು. ಬಿದಿರಿನ ಬುಟ್ಟಿಗೆ ಹಿಂದೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು. ಬಲೆ ಎಳೆಯುವವರಿಗೆ ಅದರಷ್ಟು ಅನುಕೂಲ ಬೇರೆ ಇಲ್ಲ. ಹೊಸಬರಿಗೆ ಮಾತ್ರ ಕಷ್ಟ. ಗುಂಡಗಿರುವುದರಿಂದ ಒಂದು ದಿಕ್ಕು ಹಿಡಿಯುವುದಿಲ್ಲ, ಗಿರಗಿರ ತಿರುಗುತ್ತದೆ. ನೀರು ತುಂಬಿದರೆ ಒಬ್ಬರೇ ಖಾಲಿ ಮಾಡಿ ಹತ್ತುವುದು ಆಗದ ಕೆಲಸ.

ಕಲಿಯಲು ಒಳ್ಳೆಯದು ಮೇಲೆ ಕೂರುವ ಪ್ಲಾಸ್ಟಿಕ್ ಕಯಾಕ್, ಅಂದರೆ ಹುಟ್ಟು ಹಾಕಿ ನಡೆಸುವ ಉದ್ದನೆಯ ಕಿರುದೋಣಿ. ಒಳಗೆ ಟೊಳ್ಳು, ಎಲ್ಲಾ ಕಡೆ ಮುಚ್ಚಿರುತ್ತದೆ. ಮಗುಚಿದರೂ ತೇಲುತ್ತದೆ, ಮೇಲೆ ಬಿದ್ದ ನೀರು ತೂತುಗಳಿಂದ ತಾನೇ ಇಳಿದು ಹೋಗುತ್ತದೆ. ಗಾಳಿ ತುಂಬುವ ರಬ್ಬರ್ ದೋಣಿ ಅಗ್ಗ, ಬೈಕಿನ ಮೇಲೂ ಒಯ್ಯಬಹುದು. ಆದರೆ ಹಗುರವಾದ್ದರಿಂದ ಗಾಳಿ ಎಳೆದ ಕಡೆ ಹೋಗುತ್ತದೆ. ಜಾಲಿ ಮುಳ್ಳಿಗೂ ಅದಕ್ಕೂ ಆಗಿಬರುವುದಿಲ್ಲ.

ಲೈಫ್ ಜಾಕೆಟ್ ಬಗ್ಗೆ ವಾದವೇ ಬೇಡ. "ನನಗೆ ಈಜು ಬರುತ್ತೆ" ಎನ್ನುವವರಿಗೆ ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡಿಯನ್ನು ನೆನಪಿಸುತ್ತೇನೆ. ಕೃಷ್ಣೆಯ ನಡುವಿನ ನಡುಗಡ್ಡೆ ಅದು. 2013ರಲ್ಲಿ ಅಲ್ಲಿಯ ತುಂಬು ಗರ್ಭಿಣಿಯೊಬ್ಬರು ಹೆರಿಗೆಗಾಗಿ ತುಂಬಿದ ಹೊಳೆ ಈಜಿ ದಾಟಿದ್ದು ಸುದ್ದಿಯಾಗಿತ್ತು. ಹೊಳೆಯಲ್ಲೇ ಬೆಳೆದ ಆ ಹೆಣ್ಣುಮಗಳೂ ಬರಿ ಮೈಯಲ್ಲಿ ಇಳಿದಿರಲಿಲ್ಲ. ಮೈಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡಿದ್ದರು, ಜೊತೆಗೆ ಮನೆಯವರಿದ್ದರು. ನಿಮ್ಮ ಜಾಕೆಟ್ ಆ ಬುರುಡೆಯ ಕೆಲಸವನ್ನೇ ಮಾಡುತ್ತದೆ. ಹಾಕಿಕೊಂಡು ಪಟ್ಟಿ ಬಿಗಿದ ಮೇಲೆ ಯಾರಿಗಾದರೂ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆಯಲು ಹೇಳಿ. ಕಿವಿಯ ತನಕ ಏರಿ ಬಂದರೆ ಅದು ಸಡಿಲ, ನೀರಲ್ಲಿ ನಿಮ್ಮನ್ನು ಬಿಟ್ಟು ಅದೊಂದೇ ತೇಲುತ್ತದೆ.

ಉಳಿದದ್ದು ಚಿಕ್ಕ ಪಟ್ಟಿ. ಜಾಕೆಟ್ಟಿಗೆ ಕಟ್ಟಿದ ಸೀಟಿ, ಹತ್ತು ಮೀಟರ್ ಹಗ್ಗ, ನೀರು ಹೋಗದ ಚೀಲದಲ್ಲಿ ಮೊಬೈಲ್, ಎರಡು ಲೀಟರ್ ಕುಡಿಯುವ ನೀರು, ಟೋಪಿ. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡರೆ ಇನ್ನೂ ಒಳ್ಳೆಯದು. ಎಲ್ಲಿಗೆ ಹೋಗುತ್ತೀರಿ, ಎಷ್ಟು ಗಂಟೆಗೆ ಬರುತ್ತೀರಿ ಅಂತ ದಂಡೆಯಲ್ಲಿ ಒಬ್ಬರಿಗೆ ಹೇಳಿರಬೇಕು. ಆ ಹೊತ್ತಿಗೆ ಬರದಿದ್ದರೆ ಅವರು 112ಕ್ಕೆ ಫೋನ್ ಮಾಡಬೇಕು. ಒಬ್ಬರೇ ಹೋಗುವುದನ್ನು ಕಲಿಯುವ ದಿನಗಳಲ್ಲಿ ಯೋಚಿಸಲೂ ಬೇಡಿ.

ಮೊದಲ ವಾರ: ಬರೀ ಬೀಳುವುದು

ದೊಡ್ಡ ನೀರಿನಲ್ಲಿ ಎದೆ ಡವಡವ ಅನ್ನುವುದು ಯಾಕೆ? "ಮಗುಚಿದರೆ ಏನು ಗತಿ" ಅಂತ. ಹಾಗಾದರೆ ಮೊದಲ ದಿನವೇ ಮಗುಚಿ ನೋಡಿ. ಎದೆಮಟ್ಟದ ನೀರು, ಊರಿನವರು ದಿನಾ ಇಳಿಯುವ ಜಾಗ, ದಂಡೆಯಲ್ಲಿ ಇಬ್ಬರು. ಈಜುಕೊಳದವರು ಒಪ್ಪಿದರೆ ಅದೇ ಮೇಲು.

ಮೊದಲು ದೋಣಿಯೇ ಇಲ್ಲದೆ ಜಾಕೆಟ್ ಹಾಕಿ ನೀರಿನಲ್ಲಿ ಮಲಗಿ. ಮುಖ ಮೇಲೆ, ಕಾಲು ಮುಂದೆ. ಐದು ನಿಮಿಷ ಏನೂ ಮಾಡಬೇಡಿ. ಕೈಕಾಲು ಬಡಿಯದಿದ್ದರೂ ಮುಳುಗುವುದಿಲ್ಲ ಎನ್ನುವುದು ಮೈಗೆ ಗೊತ್ತಾಗಬೇಕು. ತಲೆಗೆ ಗೊತ್ತಿದ್ದರೆ ಸಾಲದು.

ಆಮೇಲೆ ದೋಣಿಯಲ್ಲಿ ಕುಳಿತು ಬೇಕೆಂದೇ ಒಂದು ಕಡೆ ವಾಲಿ ಬೀಳಿ. ಎಷ್ಟು ವಾಲಿದರೆ ಬೀಳುತ್ತದೆ ಎನ್ನುವುದು ಆಗಲೇ ತಿಳಿಯುವುದು. ನಾವು ಹೆದರುವುದಕ್ಕಿಂತ ಬಹಳ ಜಾಸ್ತಿ ವಾಲಬೇಕಾಗುತ್ತದೆ! ಬಿದ್ದ ಕೂಡಲೇ ಒಂದು ಕೈ ದೋಣಿಯ ಮೇಲೆ, ಇನ್ನೊಂದರಲ್ಲಿ ಹುಟ್ಟು. ಎರಡನ್ನೂ ಬಿಡಬೇಡಿ. ಖಾಲಿ ದೋಣಿಯನ್ನು ಗಾಳಿ ನೀವು ಈಜುವುದಕ್ಕಿಂತ ವೇಗವಾಗಿ ತಳ್ಳಿಕೊಂಡು ಹೋಗುತ್ತದೆ.

ದೋಣಿ ಬೋರಲಾಗಿದ್ದರೆ ಅದರ ಬೆನ್ನ ಮೇಲೆ ಕೈ ಚಾಚಿ ಆಚೆ ಅಂಚು ಹಿಡಿಯಿರಿ. ಮೊಣಕಾಲನ್ನು ಈಚೆ ಅಂಚಿಗೆ ಒತ್ತಿ ಹಿಂದಕ್ಕೆ ಬೀಳಿ. ನಿಮ್ಮ ಭಾರಕ್ಕೆ ಅದು ತಿರುಗಿಕೊಳ್ಳುತ್ತದೆ. ಈಗ ಹತ್ತುವುದು. ಬಹಳ ಜನ ಗೋಡೆ ಹತ್ತುವ ಹಾಗೆ ನೇರ ಮೇಲೆ ಏರಲು ಹೋಗುತ್ತಾರೆ, ದೋಣಿ ಮತ್ತೆ ಅವರ ಮೇಲೆಯೇ ಬೀಳುತ್ತದೆ. ದೋಣಿಯ ನಡುವಿಗೆ ಬನ್ನಿ. ಕಾಲುಗಳನ್ನು ಹಿಂದೆ ನೀರಿನ ಮೇಲ್ಮಟ್ಟಕ್ಕೆ ತೇಲಿಸಿ. ಜೋರಾಗಿ ಕಾಲು ಬಡಿಯುತ್ತಾ ಮೀನಿನ ಹಾಗೆ ಅಡ್ಡಡ್ಡ ಜಾರಿ ಹೊಟ್ಟೆಯನ್ನು ದೋಣಿಯ ಮೇಲೆ ತನ್ನಿ. ಮೊದಲು ಹೊಟ್ಟೆ, ಆಮೇಲೆ ಹೊರಳಿ ಕುಂಡಿ, ಕೊನೆಗೆ ಕಾಲು. ನನ್ನ ಗೆಳೆಯ ಇದನ್ನು ಮಂತ್ರದ ಹಾಗೆ ಜೋರಾಗಿ ಹೇಳಿಕೊಂಡೇ ಹತ್ತುತ್ತಾನೆ. ದಂಡೆಯಲ್ಲಿ ಬಟ್ಟೆ ಒಗೆಯುವವರು ನಗುತ್ತಾರೆ, ನಗಲಿ.

ಹತ್ತು ಸಲ ಬಿದ್ದು ಹತ್ತು ಸಲ ಏರಿ. ದಣಿದಾಗ ಏರಲು ಆಗುತ್ತದೋ ಇಲ್ಲವೋ ಎನ್ನುವುದೇ ಮುಖ್ಯ. ನನಗೆ ಆರನೆಯ ಸಲ ತೋಳು ಸೋತಿತ್ತು. ಆಗ ಹೊಳೆದದ್ದು: ಎಳೆಯಬೇಕಾದದ್ದು ತೋಳಲ್ಲ, ತಳ್ಳಬೇಕಾದದ್ದು ಕಾಲು.

ಎರಡನೇ ವಾರದಿಂದ: ದಂಡೆ ಹಿಡಿದು

ಹುಟ್ಟು ಹಾಕುವುದು ಒಂದೇ ಬೆಳಿಗ್ಗೆಯಲ್ಲಿ ಬರುತ್ತದೆ. ಕಾಲಿನ ಹತ್ತಿರ ನೀರಿಗೆ ಇಳಿಸಿ, ಸೊಂಟದ ಹತ್ತಿರ ಎತ್ತಿ. ತೋಳಿನಿಂದ ಎಳೆಯುವ ಬದಲು ಬೀಸುವ ಕಲ್ಲು ತಿರುಗಿಸುವಾಗಿನ ಹಾಗೆ ಸೊಂಟ ತಿರುಗಲಿ. ತಿರುಗಬೇಕಾದರೆ ದೋಣಿಯಿಂದ ದೂರಕ್ಕೆ ಅರ್ಧ ವೃತ್ತ ಎಳೆಯಿರಿ. ನಿಲ್ಲಿಸುವುದನ್ನೂ ಹಿಂದೆ ಹೋಗುವುದನ್ನೂ ಮರೆಯದೇ ಕಲಿಯಿರಿ, ಬಲೆ ಅಡ್ಡ ಬಂದಾಗ ಅದೇ ಬೇಕು. ನೀರಿನ ಮೇಲೆ ಸಾಲಾಗಿ ಥರ್ಮಾಕೋಲ್ ತುಂಡು, ಖಾಲಿ ಬಾಟಲಿ ಕಂಡರೆ ಕೆಳಗೆ ಬಲೆ ಇದೆ ಅಂತ ಅರ್ಥ. ಸುತ್ತು ಹಾಕಿ ಹೋಗಿ. ಅದು ಒಬ್ಬರ ಅನ್ನ.

ಮೂರು ವಾರ ದಂಡೆಗೆ ಸಮಾನಾಂತರವಾಗಿ ಮಾತ್ರ ಓಡಾಡಿ. ಜಾಕೆಟ್ ಹಾಕಿಕೊಂಡು ನೀವು ನೆಮ್ಮದಿಯಾಗಿ ಈಜಿ ಬರಬಲ್ಲಷ್ಟು ದೂರ ನಿಮ್ಮ ಗಡಿ. ಐವತ್ತು ಮೀಟರ್ ಆದರೆ ಐವತ್ತೇ. ಅತಿ ಹತ್ತಿರವೂ ಬೇಡ, ಮುಳುಗಿದ ಜಾಲಿ ಬೊಡ್ಡೆ, ಹಳೇ ಒಡ್ಡಿನ ಕಲ್ಲು ಇರುತ್ತವೆ. ನೀರು ಇಳಿದಂತೆಲ್ಲ ಹೊಸ ಹೊಸ ಬೊಡ್ಡೆ ತಲೆ ಎತ್ತುತ್ತವೆ.

ಈ ಮೂರು ವಾರದಲ್ಲಿ ಕಲಿಯಬೇಕಾದ ನಿಜವಾದ ಪಾಠ ಗಾಳಿ. ಇಳಿಯುವ ಮುಂಚೆ ಹಿಡಿ ಒಣ ಹುಲ್ಲು ತೂರಿ ನೋಡಿ. ಗಾಳಿ ಎಲ್ಲಿಂದ ಬರುತ್ತದೋ ಆ ಕಡೆಗೇ ಮೊದಲು ಹೋಗಿ. ಕಷ್ಟದ ಪಾಲು ಶಕ್ತಿ ಇರುವಾಗ ಮುಗಿಯಲಿ. ಹೊಸಬರ ಕಯಾಕ್ ನಿಂತ ನೀರಲ್ಲಿ ಗಂಟೆಗೆ ನಾಲ್ಕೈದು ಕಿಲೋಮೀಟರ್ ಹೋಗುತ್ತದೆ. ಎದುರು ಗಾಳಿಗೆ ಅದು ಅರ್ಧಕ್ಕಿಳಿಯಬಹುದು. ಹಾಗಾಗಿ ಕೈಯಲ್ಲಿರುವ ಹೊತ್ತನ್ನು ಮೂರು ಪಾಲು ಮಾಡಿ. ಒಂದು ಪಾಲು ಮುಗಿದ ಕೂಡಲೇ, ಎಲ್ಲೇ ಇರಲಿ, ತಿರುಗಿ.

ಗಾಳಿ ಎಷ್ಟಿದೆ ಎಂದು ನೀರೇ ಹೇಳುತ್ತದೆ. ಸಣ್ಣ ಸುಕ್ಕು ಇದ್ದರೆ ಆರಾಮ. ತೆರೆಯ ತಲೆ ಅಲ್ಲಲ್ಲಿ ಒಡೆದು ಬಿಳಿ ನೊರೆ ಕಂಡರೆ ಗಾಳಿ ಗಂಟೆಗೆ ಹನ್ನೆರಡು ಕಿಲೋಮೀಟರ್ ದಾಟಿದೆ, ಕಲಿಯುವವರು ದಂಡೆಗೆ ಹೊರಡುವ ಹೊತ್ತು. ಎಲ್ಲೆಲ್ಲೂ ಬಿಳಿ ಕಂಡರೆ ಇಪ್ಪತ್ತು ದಾಟಿದೆ, ಅಷ್ಟೊತ್ತಿಗೆ ನೀವು ಚಹಾ ಕುಡಿಯುತ್ತಿರಬೇಕು. ಮೊಬೈಲಿನಲ್ಲಿ ಗಾಳಿಯ ಮುನ್ಸೂಚನೆ ನೋಡುವುದೂ ಒಳ್ಳೆಯದೇ, ಆದರೆ ನೀರಿನ ಮಾತು ಬೇರೆ ಇದ್ದರೆ ನೀರನ್ನೇ ನಂಬಿ.

ತೆರೆ ಬಂದಾಗ ದೋಣಿಯ ಪಕ್ಕೆ ಕೊಡಬೇಡಿ. ಮೂತಿಯನ್ನು ತೆರೆಗೆ ತುಸು ಓರೆಯಾಗಿ ಹಿಡಿದು ಹತ್ತಿಸಿ. ಸೊಂಟ ಸಡಿಲ ಬಿಡಿ. ಎತ್ತಿನ ಬಂಡಿಯಲ್ಲಿ ಕುಳಿತವರು ಹೇಗೆ ಬಂಡಿಯ ಜೊತೆ ಅಲ್ಲಾಡುತ್ತಾರೋ ಹಾಗೆ. ಬಿಗಿಯಾಗಿ ಕುಳಿತವರೇ ಮೊದಲು ಬೀಳುವುದು. ಹುಟ್ಟು ನೀರಲ್ಲಿ ಇದ್ದಷ್ಟು ಹೊತ್ತು ಅದು ಊರುಗೋಲು. ಹೆದರಿ ಅದನ್ನು ಮೇಲೆತ್ತಿ ಅಂಚು ಹಿಡಿದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ನಾನು ಈಗಲೂ ಒಮ್ಮೊಮ್ಮೆ ಮಾಡುತ್ತೇನೆ.

ದಾಟುವ ದಿನ

ಮೊದಲು ದಾಟಬೇಕಾದದ್ದು ಇಡೀ ಜಲಾಶಯ ಅಲ್ಲ, ಒಂದು ಮೂಲೆ. ಜಲಾಶಯದ ನೀರು ಹಳ್ಳಗಳೊಳಗೆ ಕೈಬೆರಳಿನ ಹಾಗೆ ನುಗ್ಗಿರುತ್ತದೆ. ಇನ್ನೂರು ಮುನ್ನೂರು ಮೀಟರಿನ ಅಂಥ ಒಂದು ಬೆರಳನ್ನು ಆರಿಸಿಕೊಳ್ಳಿ.

ದಾಟುವಾಗ ಎದುರು ದಂಡೆಯಲ್ಲಿ ಎರಡು ಗುರುತು ಇಟ್ಟುಕೊಳ್ಳಿ, ಒಂದು ಹತ್ತಿರ, ಒಂದು ಅದರ ಹಿಂದೆ ದೂರ. ನನ್ನದು ದಂಡೆಯ ಬೇವಿನ ಮರ, ಅದರ ಹಿಂದೆ ಊರಿನ ಗುಡಿಯ ಶಿಖರ. ಹೊರಡುವಾಗ ಎರಡೂ ಒಂದೇ ಗೆರೆಯಲ್ಲಿ ಇರಲಿ. ಐದು ನಿಮಿಷದಲ್ಲಿ ಶಿಖರ ಮರದ ಎಡಕ್ಕೆ ಇಣುಕಿದರೆ ಗಾಳಿ ನಿಮ್ಮನ್ನು ಎಡಕ್ಕೆ ಜಾರಿಸುತ್ತಿದೆ. ಮೂತಿಯನ್ನು ಬಲಕ್ಕೆ ತುಸು ತಿರುಗಿಸಿ, ಶಿಖರ ಮತ್ತೆ ಮರದ ಹಿಂದೆ ಅಡಗುವ ತನಕ. ದೋಣಿ ಓರೆಯಾಗಿ ಹೋಗುತ್ತಿರುವಂತೆ ಕಾಣುತ್ತದೆ, ದಾರಿ ಮಾತ್ರ ನೆಟ್ಟಗಿರುತ್ತದೆ.

ನಡುನೀರಲ್ಲಿ ಒಂದು ಕ್ಷಣ ಹೊಟ್ಟೆಯಲ್ಲಿ ತಣ್ಣಗಾಗುತ್ತದೆ. ಎರಡೂ ದಂಡೆ ಸಮ ದೂರ, ಕೆಳಗೆ ಎಷ್ಟು ಆಳವೋ. ಅದು ಎಲ್ಲರಿಗೂ ಆಗುತ್ತದೆ. ದೂರ ನೋಡುವುದನ್ನು ಬಿಟ್ಟು ಹುಟ್ಟು ಎಣಿಸಿ, ಒಂದರಿಂದ ಐವತ್ತು. ಮುಗಿದರೆ ಮತ್ತೆ ಒಂದರಿಂದ. ಅಷ್ಟಾಗಿಯೂ ಮಗುಚಿ, ಹತ್ತಲಾಗದೇ ಹೋದರೆ? ದೋಣಿ ಬಿಟ್ಟು ದಂಡೆಗೆ ಈಜಬೇಡಿ. ನೀರಿನ ಮಟ್ಟದಿಂದ ನೋಡಿದರೆ ದೂರದ ಅಂದಾಜು ತಪ್ಪುತ್ತದೆ. ದೋಣಿ ಹಿಡಿದೇ ಇರಿ, ಸೀಟಿ ಮೂರು ಮೂರು ಸಲ ಊದಿ. ಒಂದು ತಲೆಗಿಂತ ಒಂದು ದೋಣಿ ದೂರದಿಂದ ಬೇಗ ಕಾಣುತ್ತದೆ.

ಸಿಡಿಲಿನ ತಿಂಗಳು

ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ತನಕ ರಣಬಿಸಿಲು, ಸಂಜೆಗೆ ಇದ್ದಕ್ಕಿದ್ದಂತೆ ಕರಿಮೋಡ, ಧೂಳೆಬ್ಬಿಸುವ ಗಾಳಿ, ಸಿಡಿಲು. ನಮ್ಮ ಮೂರೂ ಜಿಲ್ಲೆಗಳಲ್ಲಿ ಹೊಲದಲ್ಲಿದ್ದವರನ್ನು ಸಿಡಿಲು ಬಲಿ ತೆಗೆದುಕೊಳ್ಳುವುದನ್ನು ಓದುತ್ತಲೇ ಇರುತ್ತೇವೆ. ಬಯಲು ನೀರಿನಲ್ಲಿ ಎಲ್ಲಕ್ಕಿಂತ ಎತ್ತರ ಇರುವುದು ನಿಮ್ಮ ತಲೆ. ಮಿಂಚು ಕಂಡ ಮೇಲೆ ಎಣಿಸಿ. ಮೂವತ್ತು ಸೆಕೆಂಡು ಮುಗಿಯುವುದರೊಳಗೆ ಗುಡುಗು ಕೇಳಿಸಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗೇ ಇದೆ. ದಂಡೆಗೆ ಬನ್ನಿ, ಮರದ ಕೆಳಗೆ ಬೇಡ, ಕಾರು ಅಥವಾ ಮನೆಯೊಳಗೆ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಳೆಯದೇ ನೀರಿಗೆ ಇಳಿಯಬಾರದು. 'ದಾಮಿನಿ' ಆ್ಯಪ್ ಸುತ್ತಮುತ್ತಲಿನ ಸಿಡಿಲಿನ ಸೂಚನೆ ಕೊಡುತ್ತದೆ, ಹಾಕಿಕೊಳ್ಳಿ. ಈ ತಿಂಗಳುಗಳಲ್ಲಿ ಬೆಳಿಗ್ಗೆ ಒಂಬತ್ತಕ್ಕೆಲ್ಲ ದೋಣಿ ಮೇಲೆತ್ತಿರಬೇಕು.

ದೋಣಿ ಮೇಲೆತ್ತುವ ಜಾಗವನ್ನೂ ಮೊದಲೇ ನೋಡಿಟ್ಟುಕೊಳ್ಳಿ. ನೀರು ಇಳಿದ ದಂಡೆ ಅಂದರೆ ಎರೆ ಮಣ್ಣು. ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಕಾಲಿಟ್ಟರೆ ಮೊಣಕಾಲ ತನಕ ಒಳಗೆ. ಚಪ್ಪಲಿ ಅಲ್ಲೇ ಉಳಿಯುತ್ತದೆ. ಸಿಕ್ಕಿಕೊಂಡರೆ ಎದ್ದು ನಿಲ್ಲಲು ಹೋಗಬೇಡಿ, ದೋಣಿಯ ಮೇಲೆ ಹೊಟ್ಟೆ ಹಾಕಿ ಕಾಲನ್ನು ನಿಧಾನ ಹಿಂದಕ್ಕೆ ಎಳೆದುಕೊಳ್ಳಿ. ಕಲ್ಲು, ಮೊರಂ ಇರುವ ದಂಡೆ ಎಲ್ಲಿದೆ ಅಂತ ಮುತ್ಯಾನನ್ನು ಕೇಳಿದರೆ ಕೈ ಮಾಡಿ ತೋರಿಸುತ್ತಾರೆ. ನನ್ನ ಎಡಗಾಲಿನ ಒಂದು ಚಪ್ಪಲಿ ಕಾರಂಜಾದ ಎರೆಯಲ್ಲಿ ಈಗಲೂ ಇದೆ.