ಮೈಬಣ್ಣ ನೋಡಿ ಬ್ರೇಕ್ ಒತ್ತುತ್ತಾರಾ? ಜೀಬ್ರಾ ಪಟ್ಟಿಯಲ್ಲಿ ಅಳೆದು ನೋಡುವುದು ಹೀಗೆ

ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ಮೂವರು ಬಿಳಿಯರು, ಮೂವರು ಕಪ್ಪು ವರ್ಣೀಯರು ಜೀಬ್ರಾ ಪಟ್ಟಿ ದಾಟಲು ಸರದಿಯಂತೆ ಒಬ್ಬೊಬ್ಬರೇ ನಿಂತರು. ಕಪ್ಪು ವರ್ಣೀಯರ ಮುಂದೆ ನಿಲ್ಲಿಸದೆ ಹೋದ ಕಾರುಗಳು ಎರಡು ಪಟ್ಟು, ಅವರು ಕಾದ ಹೊತ್ತು ಶೇ. 32ರಷ್ಟು ಜಾಸ್ತಿ. 2015ರಲ್ಲಿ ಪ್ರಕಟವಾದ ಅಧ್ಯಯನ ಇದು. ಯಾರೂ ಬೈಯಬೇಕಿಲ್ಲ, ಬ್ರೇಕ್ ಮೇಲೆ ಕಾಲು ಹೋಗದಿದ್ದರೆ ಸಾಕು. ಆ ತಾರತಮ್ಯ ಎಣಿಸಿದರೆ ಮಾತ್ರ ಕಣ್ಣಿಗೆ ಬೀಳುತ್ತದೆ.

ಮೊದಲು ಜಾಗ. ಸಿಗ್ನಲ್ ಇರಬಾರದು, ಪಟ್ಟಿ ಇರಬೇಕು, ಪಾದಚಾರಿಗೆ ದಾರಿ ಬಿಡಬೇಕು ಅಂತ ಕಾನೂನೂ ಇರಬೇಕು. ಸಿಗ್ನಲ್ ಇದ್ದರೆ ಚಾಲಕರು ದೀಪ ನೋಡಿ ನಿಲ್ಲಿಸುತ್ತಾರೆ, ಮನುಷ್ಯರನ್ನು ನೋಡಿ ಅಲ್ಲ.

ದಾಟುವವರನ್ನು ಆರಿಸುವಾಗ ತುಂಬಾ ಹುಷಾರು. ವಯಸ್ಸು, ಎತ್ತರ, ಮೈಕಟ್ಟು ಹೆಚ್ಚುಕಡಿಮೆ ಒಂದೇ ಇರಲಿ, ಬಟ್ಟೆಯಂತೂ ಒಂದೇ ಥರ ಇರಲೇಬೇಕು. ಒಬ್ಬರು ಇಸ್ತ್ರಿ ಮಾಡಿದ ಶರ್ಟು, ಇನ್ನೊಬ್ಬರು ತಲೆ ಮುಚ್ಚುವ ಟೋಪಿ ಇರುವ ಅಂಗಿ (ಹೂಡಿ) ಹಾಕಿದ್ದರೆ ಕಾರು ನಿಂತಿದ್ದು ಬಣ್ಣಕ್ಕೋ ಬಟ್ಟೆಗೋ, ಹೇಳೋದು ಹೇಗೆ? ಪ್ರತಿ ಗುಂಪಿನಲ್ಲೂ ಒಬ್ಬರಿಗಿಂತ ಜಾಸ್ತಿ ಜನ ಬೇಕು. ಇಲ್ಲದಿದ್ದರೆ ನೀವು ಅಳೆಯುವುದು ಇಬ್ಬರು ವ್ಯಕ್ತಿಗಳ ವ್ಯತ್ಯಾಸವನ್ನು, ಅಷ್ಟೇ. ಬೆಳಿಗ್ಗೆ ಒಂದು ಗುಂಪು, ಸಂಜೆ ಇನ್ನೊಂದು ಅಂತ ಮಾಡಬೇಡಿ, ಒಂದೇ ಗಂಟೆಯೊಳಗೆ ಸರದಿ ಬದಲಾಯಿಸುತ್ತಿರಿ.

ಎಲ್ಲಕ್ಕಿಂತ ಕಷ್ಟದ ಕೆಲಸ ಎಣಿಕೆ. ಪಟ್ಟಿಗಿಂತ ಸಾಕಷ್ಟು ಹಿಂದೆ ಒಂದು ದೀಪದ ಕಂಬ ಗುರುತಿಟ್ಟುಕೊಳ್ಳಿ. ನಿಮ್ಮವರು ಅಂಚಿಗೆ ಬಂದು ಕಾರಿನ ಕಡೆ ತಿರುಗುವ ಹೊತ್ತಿಗೆ ಆ ಕಂಬ ದಾಟಿರುವ ಕಾರಿಗೆ ನಿಲ್ಲಿಸಲು ಜಾಗವೇ ಇರಲ್ಲ, ಅಲ್ವಾ? ಅದನ್ನು ಬಿಟ್ಟು ಮುಂದಿನದರಿಂದ ಎಣಿಸಿ. ಮೊದಲ ಕಾರು ನಿಂತಿತಾ, ಎಷ್ಟು ಕಾರು ಹಾದುಹೋದವು, ಎಷ್ಟು ಸೆಕೆಂಡ್ ಕಾದರು, ಈ ಮೂರನ್ನೂ ಚಾಲಕರಿಗೆ ಕಾಣದಂತೆ ಕೂತವರು ಬರೆದುಕೊಳ್ಳಲಿ. ನಡುವೆ ಬೇರೆ ಯಾರಾದರೂ ದಾಟಲು ಬಂದು ನಿಂತರೆ ಆ ಸರದಿ ರದ್ದು, ಯಾಕೆ ರದ್ದು ಅಂತಲೂ ಬರೆದಿಡಿ. ಆಮೇಲೆ ಮನಸ್ಸಿಗೆ ಬಂದ ಫಲಿತಾಂಶ ಸಿಗುವಂತೆ ಸರದಿ ಕೈಬಿಡುವುದು ಮೋಸ.

ಚಾಲಕರ ಮನಸ್ಸಿನಲ್ಲಿ ಏನಿತ್ತು ಅಂತ ಮಾತ್ರ ಬರೆಯಬೇಡಿ. ಅದು ನಿಮಗೆ ಕಾಣಲ್ಲ, ಎಷ್ಟೋ ಸಲ ಅವರಿಗೂ ಗೊತ್ತಿರಲ್ಲ.

ಇನ್ನೊಂದು ಮಾತು, ಇದರಲ್ಲಿ ರಾಜಿಯೇ ಇಲ್ಲ: ಕಾರು ಪೂರ್ತಿ ನಿಲ್ಲುವ ತನಕ ನಿಮ್ಮವರು ರಸ್ತೆಗೆ ಕಾಲಿಡಬಾರದು. ಕಾದು ಕಾದು ಸಾಕಾದವರು ಸಿಕ್ಕ ಸಂದಿಯಲ್ಲಿ ನುಗ್ಗುತ್ತಾರೆ, ಆ ಹೆಚ್ಚುವರಿ ಸೆಕೆಂಡುಗಳು ಜೀವಕ್ಕೆ ಕುತ್ತು ತರುವುದೇ ಅಲ್ಲಿ.