ಬ್ರೇಕ್ ಪೆಡಲ್ ಮೆತ್ತಗಾದರೆ: ಏರ್ ತೆಗೆಯುವ ಕ್ರಮ

ಬ್ರೇಕ್ ಒತ್ತಿದಾಗ ಪೆಡಲ್ ಕಾಲಿಗೆ ಗಟ್ಟಿಯಾಗಿ ಸಿಗದೆ ಮೆತ್ತಗೆ ಒಳಗಿಳಿದು, ಎರಡು ಮೂರು ಸಲ ಬೇಗ ಬೇಗ ತುಳಿದ ಮೇಲೆ ಮೇಲೇರಿದರೆ ಲೈನಿಗೆ, ಅಂದರೆ ಬ್ರೇಕ್ ಆಯಿಲ್ ಓಡಾಡುವ ಪೈಪುಗಳಿಗೆ, ಏರ್ ಹೊಕ್ಕಿದೆ ಎನ್ನುತ್ತಾರೆ. ಬಹಳ ಸಲ ಅದು ನಿಜ. ಬ್ರೇಕ್ ಆಯಿಲ್ ಒತ್ತಡಕ್ಕೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪೆಡಲ್ ಇಳಿಯುವ ದೂರದಲ್ಲಿ ಒಂದು ಪಾಲು ಗುಳ್ಳೆ ಹಿಂಡುವುದಕ್ಕೇ ಖರ್ಚಾಗುತ್ತದೆ, ಪ್ಯಾಡಿಗೆ ಒತ್ತಡ ತಡವಾಗಿ ತಲುಪುತ್ತದೆ. ಆದರೆ ಮುಚ್ಚಿದ ಲೈನಿಗೆ ಗಾಳಿ ಸುಮ್ಮನೆ ಬರುವುದಿಲ್ಲ. ಪೈಪನ್ನೋ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರನ್ನೋ, ಡ್ರಮ್ಮಿನೊಳಗಿನ ವೀಲ್ ಸಿಲಿಂಡರನ್ನೋ ಬಿಚ್ಚಿ ಹಾಕಿದ ಮೇಲೆ ಹೀಗಾಗಿದ್ದರೆ ಕಾರಣ ಕಣ್ಣೆದುರಿಗೇ ಇದೆ. ಏನೂ ಬಿಚ್ಚದೆ ಪೆಡಲ್ ಮೆತ್ತಗಾಗಿದ್ದರೆ ಗಾಳಿ ಬಂದ ದಾರಿಯನ್ನು ಮೊದಲು ಹುಡುಕಿ. ಇಲ್ಲವಾದರೆ ಇವತ್ತು ತೆಗೆದ ಏರ್ ಕೆಲವೇ ದಿನಗಳಲ್ಲಿ ಮತ್ತೆ ಸೇರುತ್ತದೆ.

ಇಲ್ಲಿನ ವಿವರ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊ ಬಗೆಯ ಸಣ್ಣ ಕಾರುಗಳಿಗೆ ಹೊಂದುತ್ತದೆ.

ನಿಜವಾಗಿ ಏರ್ ಇದೆಯೇ?

ಎಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಸಲ ತುಳಿಯಿರಿ. ಕಾಲಿನ ಒತ್ತಿಗೆ ಬಲ ಕೂಡಿಸುವ ಬೂಸ್ಟರಿನ ವ್ಯಾಕ್ಯೂಮ್ ಖಾಲಿಯಾಗುತ್ತದೆ. ಈಗ ಒಂದೇ ಹದದಲ್ಲಿ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ಪೆಡಲ್ ಸ್ಪ್ರಿಂಗ್ ಇದ್ದಹಾಗೆ ಹಿಂದಕ್ಕೆ ತಳ್ಳುತ್ತಾ ಅಲ್ಲೇ ನಿಂತರೆ ಏರ್ ಇರುವ ಸಾಧ್ಯತೆ ಹೆಚ್ಚು. ಕಾಲಿನಡಿ ನಿಧಾನವಾಗಿ ನೆಲದತ್ತ ಜಾರುತ್ತಾ ಹೋದರೆ ಎರಡರಲ್ಲೊಂದು: ಎಲ್ಲೋ ಆಯಿಲ್ ಸೋರುತ್ತಿದೆ, ಇಲ್ಲವೇ ಪೆಡಲ್ ತುಳಿದಾಗ ಆಯಿಲನ್ನು ಲೈನಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ರಬ್ಬರ್ ಸವೆದು ಆಯಿಲ್ ಒಳಗೊಳಗೇ ಹಿಂದಕ್ಕೆ ದಾಟುತ್ತಿದೆ. ಎರಡನೆಯದಾದರೆ ಹೊರಗೆ ಒಂದು ಹನಿಯೂ ಕಾಣುವುದಿಲ್ಲ, ಎಷ್ಟು ಏರ್ ತೆಗೆದರೂ ಪೆಡಲ್ ಸರಿಹೋಗುವುದಿಲ್ಲ. ಮಾಸ್ಟರ್ ಸಿಲಿಂಡರ್ ಬದಲಿಸಲೇಬೇಕು.

ಪೆಡಲ್ ಕೆಳಗಿಳಿದರೂ ಕೊನೆಗೆ ಕಲ್ಲಿನಂತೆ ಗಟ್ಟಿ ಸಿಕ್ಕಿದರೆ ಅದು ಏರ್ ಅಲ್ಲ. ಹಿಂದಿನ ಡ್ರಮ್ಮಿನ ಲೈನರ್ ಸವೆದು ಅಂತರ ಹೆಚ್ಚಾಗಿದೆ, ಅದನ್ನು ಸರಿದೂಗಿಸುವ ಅಡ್ಜಸ್ಟರ್ ಕೆಲಸ ಮಾಡುತ್ತಿಲ್ಲ. ಹ್ಯಾಂಡ್‌ಬ್ರೇಕ್ ತುಂಬಾ ಮೇಲೆ ಎಳೆದರೆ ಮಾತ್ರ ಹಿಡಿಯುವುದೂ ಇದರ ಜೊತೆಗೇ ಕಾಣಿಸುತ್ತದೆ. ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಪೆಡಲ್ ಒಂದಿಷ್ಟು ಇಳಿಯುವುದಂತೂ ರೋಗವೇ ಅಲ್ಲ, ಬೂಸ್ಟರ್ ಸರಿಯಾಗಿದೆ ಎಂಬುದರ ಗುರುತು.

ಆಗುಂಬೆ, ಚಾರ್ಮಾಡಿ ಘಾಟಿಗಳನ್ನು ಇಳಿಯುವಾಗ ಪೆಡಲ್ ಸತ್ತಂತಾಗಿ, ಕೆಳಗೆ ನಿಂತು ತಣಿದ ಮೇಲೆ ಮತ್ತೆ ಬರುವ ಪ್ರಸಂಗ ಬೇರೆ. ಗೇರ್ ಇಳಿಸದೆ ಬ್ರೇಕ್ ಮೇಲೇ ಬಂದರೆ ಕ್ಯಾಲಿಪರ್ ಕಾದು, ಹಳೆಯ ಆಯಿಲ್ ಕುದಿದು ಆವಿಯಾಗುತ್ತದೆ. ಆವಿಯೂ ಗಾಳಿಯ ಹಾಗೆ ಕುಗ್ಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ವಸ್ತು. ಹೊಸ ಡಾಟ್ 3 (ಡಾಟ್ ಎಂಬುದು ಬ್ರೇಕ್ ಆಯಿಲಿನ ದರ್ಜೆ) ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ಸುಮಾರು 3.7 ಶೇಕಡಾ ನೀರು ಸೇರಿದಾಗ ಆ ಮಿತಿ 140ಕ್ಕೆ ಬರುತ್ತದೆ. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಓಡುವ ಗಾಡಿಗೆ ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಿಸುವುದು ಅತಿಯಲ್ಲ.

ಸೋರಿಕೆ ನೋಡುವಾಗ ಹಿಂದಿನ ಡ್ರಮ್ಮುಗಳನ್ನು ಮರೆಯಬೇಡಿ. ವೀಲ್ ಸಿಲಿಂಡರಿನ ಎರಡೂ ತುದಿಯ ರಬ್ಬರ್ ಟೋಪಿಯನ್ನು ಮೆಲ್ಲಗೆ ಎತ್ತಿ. ಒಳಗೆ ಆಯಿಲ್ ಇದ್ದರೆ ಸಿಲಿಂಡರ್ ಹೋಗಿದೆ, ಲೈನರ್ ನೆನೆದಿದ್ದರೆ ಅದೂ ಹೋಯಿತು. ಮುಂದಿನ ರಬ್ಬರ್ ಹೋಸುಗಳನ್ನು ಬಾಗಿಸಿ ಬಿರುಕು ನೋಡಿ. ಇನ್ನೊಬ್ಬರು ಪೆಡಲ್ ಒತ್ತುವಾಗ ಹೋಸ್ ಉಬ್ಬುವುದು ಕಂಡರೆ ಪೆಡಲ್ ಮೆತ್ತಗಾಗಲು ಅದೊಂದೇ ಸಾಕು.

ಸಾಮಾನು

ಬರೀ ಏರ್ ತೆಗೆಯಲು ಅರ್ಧ ಲೀಟರ್, ಆಯಿಲ್ ಪೂರ್ತಿ ಬದಲಿಸಲು ಒಂದು ಲೀಟರ್ ಬೇಕು. ಯಾವ ಡಾಟ್ ಎಂಬುದು ಮಾಸ್ಟರ್ ಸಿಲಿಂಡರಿನ ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ. ಡಾಟ್ 3 ಹೇಳಿದ ಕಡೆ ಡಾಟ್ 4 ನಡೆಯುತ್ತದೆ, ಡಾಟ್ 4 ಹೇಳಿದ ಕಡೆ 3 ಹಾಕಬಾರದು. ಡಾಟ್ 5 ಎಂಬುದು ಸಿಲಿಕೋನ್. ಇವುಗಳ ಜೊತೆ ಬೆರೆಸುವಂತಿಲ್ಲ. (ಡಾಟ್ 5.1 ಮತ್ತೆ ಗ್ಲೈಕಾಲ್ ಜಾತಿಯದೇ. ಹೆಸರಿಟ್ಟವರಿಗೆ ನಮಸ್ಕಾರ.) ಸೀಲ್ ಇರುವ ಹೊಸ ಡಬ್ಬಿಯನ್ನೇ ತನ್ನಿ. ಶೆಡ್ಡಿನ ಮೂಲೆಯಲ್ಲಿ ತಿಂಗಳುಗಟ್ಟಲೆ ತೆರೆದಿಟ್ಟ ಆಯಿಲ್ ಎಷ್ಟೋ ತೇವ ಕುಡಿದಿರುತ್ತದೆ. ಎಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್, ಡೀಸೆಲ್ ಒಂದು ಚಮಚ ಬಿದ್ದರೂ ಬ್ರೇಕಿನ ರಬ್ಬರುಗಳೆಲ್ಲ ಊದಿಕೊಂಡು ಹಾಳಾಗುತ್ತವೆ. ಆಯಿಲ್ ಸುರಿಯುವ ಲಾಳಿಕೆಯೂ ಬ್ರೇಕಿಗೆಂದೇ ಬೇರೆ ಇರಲಿ.

ಇದರ ಜೊತೆಗೆ ಬ್ಲೀಡರ್ ನಿಪ್ಪಲಿಗೆ, ಅಂದರೆ ಏರ್ ಹೊರಬಿಡಲು ಕ್ಯಾಲಿಪರ್, ವೀಲ್ ಸಿಲಿಂಡರುಗಳಲ್ಲಿರುವ ಟೊಳ್ಳು ತಿರುಪಿಗೆ, ಬಿಗಿಯಾಗಿ ಕೂರುವ ಪಾರದರ್ಶಕ ಪೈಪ್ (ಒಳಅಳತೆ 5 ಮಿಲಿಮೀಟರ್ ಆಸುಪಾಸು, ಒಂದು ಮೀಟರ್ ಸಾಕು), ಒಂದು ಪಾರದರ್ಶಕ ಬಾಟಲಿ, ನಿಪ್ಪಲಿಗೆ ತಕ್ಕ 8 ಅಥವಾ 10 ನಂಬರಿನ ರಿಂಗ್ ಸ್ಪ್ಯಾನರ್, ಜಾಕ್, ಜಾಕ್ ಸ್ಟ್ಯಾಂಡ್, ಚಕ್ರಕ್ಕೆ ಕೊಡಲು ಕಲ್ಲು ಅಥವಾ ಮರದ ತುಂಡು, ದೊಡ್ಡ ಸಿರಿಂಜ್, ಬಟ್ಟೆ, ಒಂದು ಬಕೆಟ್ ನೀರು. ನೀರು ಯಾಕೆಂದರೆ ಬ್ರೇಕ್ ಆಯಿಲ್ ಪೇಂಟನ್ನು ಕಿತ್ತು ತೆಗೆಯುತ್ತದೆ; ಬಿದ್ದ ತಕ್ಷಣ ನೀರು ಹೊಯ್ದರೆ ತೊಳೆದುಹೋಗುತ್ತದೆ. ಬರೀ ಬಟ್ಟೆಯಲ್ಲಿ ಒರೆಸಿದರೆ ಹರಡುತ್ತದೆ, ಅಷ್ಟೇ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ.

ನಿಪ್ಪಲ್

ಈ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ವರ್ಷಗಟ್ಟಲೆ ಮುಟ್ಟದ ನಿಪ್ಪಲ್ ತುಕ್ಕು ಹಿಡಿದಿರುತ್ತದೆ, ಒಳಗೆ ಟೊಳ್ಳಾದ್ದರಿಂದ ಬೇಗ ಮುರಿಯುತ್ತದೆ. ಹಿಂದಿನ ದಿನವೇ ರಬ್ಬರ್ ಟೋಪಿ ತೆಗೆದು, ವೈರ್ ಬ್ರಷ್‌ನಲ್ಲಿ ಉಜ್ಜಿ, ಬುಡಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಸ್ಪ್ರೇ ಡಿಸ್ಕಿಗೂ ಪ್ಯಾಡಿಗೂ ತಾಗಬಾರದು. ಬಿಚ್ಚುವಾಗ ಓಪನ್ ಸ್ಪ್ಯಾನರ್ ಬೇಡ, ಮೂಲೆ ತಿಂದುಬಿಡುತ್ತದೆ. ಆರು ಮೂಲೆಯ ಸಾಕೆಟ್ ಹಾಕಿ ಮೊದಲು ಕೂದಲೆಳೆಯಷ್ಟು ಬಿಗಿಯ ಕಡೆಗೆ ತಿರುಗಿಸಿ, ಆಮೇಲೆ ಸಡಿಲದ ಕಡೆಗೆ. ಸಣ್ಣ ಸುತ್ತಿಗೆಯಿಂದ ಸುತ್ತಲಿನ ಲೋಹಕ್ಕೆ ನಾಲ್ಕು ಪೆಟ್ಟು ಕೊಟ್ಟರೆ ತುಕ್ಕು ಬಿಡುತ್ತದೆ. ಎಷ್ಟಕ್ಕೂ ಬರದಿದ್ದರೆ ಉದ್ದ ಹಿಡಿ ಹಾಕಿ ಜಗ್ಗುವ ಬದಲು ಗ್ಯಾರೇಜಿಗೆ ಬಿಡಿ. ನಿಪ್ಪಲ್ ಒಳಗೆ ಮುರಿದರೆ ಕ್ಯಾಲಿಪರ್ ಅಥವಾ ವೀಲ್ ಸಿಲಿಂಡರಿನ ಖರ್ಚೇ ಮೈಮೇಲೆ ಬರುತ್ತದೆ. ನಾಲ್ಕೂ ನಿಪ್ಪಲ್ ಸಡಿಲವಾಗುತ್ತವೆ ಎಂಬುದು ಖಾತ್ರಿಯಾದ ಮೇಲೆಯೇ ಆಯಿಲ್ ಡಬ್ಬಿಯ ಸೀಲ್ ಒಡೆಯಿರಿ.

ಕ್ರಮ

ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರುಮಾಡಿ ಹತ್ತಿರದ್ದಕ್ಕೆ ಬರುವುದು ಹಳೆಯ ರೂಢಿ. ನಮ್ಮ ಕಾರುಗಳಲ್ಲಿ ಸ್ಟೀರಿಂಗ್ ಬಲಕ್ಕಿರುವುದರಿಂದ ಅದು ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ ಎಂದಾಗುತ್ತದೆ. ಮುಂದಿನ ಒಂದು ಚಕ್ರ ಮತ್ತು ಅದರ ಕರ್ಣದ ಹಿಂದಿನ ಚಕ್ರ ಒಂದೇ ಲೈನಿನಲ್ಲಿರುವ ಗಾಡಿಗಳಿಗೆ ಕೆಲವು ಕಂಪನಿಗಳು ಹಿಂದಿನ ಎಡ, ಮುಂದಿನ ಬಲ, ಹಿಂದಿನ ಬಲ, ಮುಂದಿನ ಎಡ ಎಂದು ಹೇಳುತ್ತವೆ. ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್ ಹೇಳಿದ್ದೇ ಅಂತಿಮ.

ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಗೇರಿನಲ್ಲಿಟ್ಟು, ಎತ್ತದ ಚಕ್ರಗಳಿಗೆ ಕಲ್ಲು ಕೊಡಿ. ಬರೀ ಜಾಕ್ ನಂಬಿ ಕೆಳಗೆ ತಲೆ ಹಾಕಬೇಡಿ. ಮಾಸ್ಟರ್ ಸಿಲಿಂಡರಿನ ಡಬ್ಬಿಯ ಮುಚ್ಚಳದ ಸುತ್ತಲ ಧೂಳು ಒರೆಸಿಯೇ ತೆರೆಯಿರಿ. ಆಯಿಲ್ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಸಿರಿಂಜಿನಿಂದ ಬಹುಪಾಲು ಹೀರಿ ತೆಗೆದು ಹೊಸದನ್ನು ಮ್ಯಾಕ್ಸ್ ಗೆರೆಯವರೆಗೆ ತುಂಬಿ. ಪೂರ್ತಿ ಬರಿದು ಮಾಡಬೇಡಿ. ತಳದ ತೂತುಗಳು ಬಯಲಾದರೆ ಮಾಸ್ಟರ್ ಸಿಲಿಂಡರಿಗೇ ಏರ್ ಹೋಗಿ ಕೆಲಸ ಇಮ್ಮಡಿಯಾಗುತ್ತದೆ.

ನಿಪ್ಪಲಿಗೆ ಮೊದಲು ಸ್ಪ್ಯಾನರ್ ತೊಡಿಸಿ, ಆಮೇಲೆ ಪೈಪ್ ಹಾಕಿ. ಪೈಪಿನ ಇನ್ನೊಂದು ತುದಿ ಬಾಟಲಿಯಲ್ಲಿ ಎರಡು ಬೆರಳಷ್ಟು ಹೊಸ ಆಯಿಲಿನಲ್ಲಿ ಮುಳುಗಿರಲಿ. ಪೈಪ್ ನಿಪ್ಪಲಿನಿಂದ ಒಂದಿಷ್ಟು ಮೇಲಕ್ಕೆ ಹೋಗಿ ಆಮೇಲೆ ಇಳಿದರೆ ಗುಳ್ಳೆಗಳು ನಿಪ್ಪಲಿನ ಕಡೆಗೆ ಮರಳುವುದಿಲ್ಲ.

ಎಂಜಿನ್ ಆಫ್. ಒಬ್ಬರು ಸೀಟಿನಲ್ಲಿ, ಒಬ್ಬರು ಚಕ್ರದ ಹತ್ತಿರ. ಪೆಡಲನ್ನು ನಿಧಾನವಾಗಿ ಎರಡು ಮೂರು ಸಲ ತುಳಿದು ಒತ್ತಿ ಹಿಡಿದುಕೊಳ್ಳಬೇಕು. ಬೇಗ ಬೇಗ ತುಳಿದರೆ ದೊಡ್ಡ ಗುಳ್ಳೆ ಒಡೆದು ನೊರೆಯಾಗುತ್ತದೆ, ಸಣ್ಣ ಗುಳ್ಳೆಗಳನ್ನು ಹೊರಹಾಕುವುದು ಕಷ್ಟ. "ಹಿಡಿದೆ" ಎಂದು ಕೇಳಿದ ಮೇಲೆ ನಿಪ್ಪಲನ್ನು ಕಾಲು ಸುತ್ತಿನಿಂದ ಅರ್ಧ ಸುತ್ತು ಸಡಿಲಿಸಿ. ಪೈಪಿನಲ್ಲಿ ಆಯಿಲ್ ನುಗ್ಗುತ್ತದೆ, ಪೆಡಲ್ ಇಳಿಯುತ್ತದೆ. ಸೀಟಿನಲ್ಲಿರುವವರು "ಕೆಳಗೆ ಬಂತು" ಎನ್ನಬೇಕು, ಆದರೆ ಕಾಲು ಎತ್ತಬಾರದು. ನಿಪ್ಪಲ್ ಮುಚ್ಚಿ, "ಬಿಡು" ಎಂದ ಮೇಲೆಯೇ ಕಾಲು ಮೇಲೆ ಬರಬೇಕು. ನಿಪ್ಪಲ್ ತೆರೆದಿರುವಾಗ ಪೆಡಲ್ ಮೇಲೆ ಬಂದರೆ ಹೊರಗೆ ಹೋದ ಗಾಳಿಯನ್ನೇ ಲೈನ್ ಮತ್ತೆ ಎಳೆದುಕೊಳ್ಳುತ್ತದೆ. ಅರ್ಧ ದಿನ ದುಡಿದರೂ ಪೆಡಲ್ ಗಟ್ಟಿಯಾಗದಿರಲು ಬಹಳ ಸಲ ಈ ತಪ್ಪೇ ಕಾರಣ. ಮಾತು ಮೊದಲೇ ಗೊತ್ತು ಮಾಡಿಕೊಳ್ಳಿ, ಮಧ್ಯೆ ಫೋನ್ ಬೇಡ.

ಹಳೆಯ ಗಾಡಿಯಾದರೆ ಪೆಡಲಿನಡಿ ಒಂದೆರಡು ಇಂಚಿನ ಮರದ ತುಂಡು ಇಡಿ. ದಿನನಿತ್ಯ ಪಿಸ್ಟನ್ ಓಡಾಡದ ಕೊನೆಯ ಭಾಗದಲ್ಲಿ ತುಕ್ಕು, ಕೆಸರು ಕೂತಿರುತ್ತದೆ. ಪೆಡಲನ್ನು ನೆಲದವರೆಗೆ ತುಳಿದರೆ ರಬ್ಬರ್ ಸೀಲ್ ಅದರ ಮೇಲೆ ಉಜ್ಜಿ ಹರಿಯಬಹುದು. ಏರ್ ತೆಗೆಯುವ ಮುಂಚೆ ಸರಿಯಿದ್ದ ಮಾಸ್ಟರ್ ಸಿಲಿಂಡರ್ ಆಮೇಲೆ ಕೈಕೊಡುವುದು ಹೀಗೆಯೇ.

ಪೈಪಿನಲ್ಲಿ ಗುಳ್ಳೆ ನಿಂತು, ತಿಳಿ ಹಳದಿ ಬಣ್ಣದ ಹೊಸ ಆಯಿಲ್ ಬರುವವರೆಗೆ ಇದನ್ನೇ ಮಾಡಿ. ಒಂದು ಚಕ್ರಕ್ಕೆ ಎಂಟು ಹತ್ತು ಸಲ ಹಿಡಿಯಬಹುದು, ಹಿಂದಿನವಕ್ಕೆ ಲೈನ್ ಉದ್ದವಾದ್ದರಿಂದ ಇನ್ನೂ ಹೆಚ್ಚು. ನಾಲ್ಕೈದು ಸಲಕ್ಕೊಮ್ಮೆ ಡಬ್ಬಿ ನೋಡಿ ತುಂಬುತ್ತಿರಿ. ಮಿನ್ ಗೆರೆಗಿಂತ ಕೆಳಗೆ ಹೋಗಲೇಕೂಡದು. ಮುಗಿದ ಮೇಲೆ ನಿಪ್ಪಲನ್ನು ಹದವಾಗಿ ಬಿಗಿಸಿ, ಗಿಡ್ಡ ಸ್ಪ್ಯಾನರಿನ ಮಣಿಕಟ್ಟಿನ ಬಲ ಸಾಕು. ನೀರಿನಿಂದ ತೊಳೆದು, ಒರೆಸಿ, ರಬ್ಬರ್ ಟೋಪಿ ಹಾಕಿ. ಬಾಟಲಿಗೆ ಬಂದ ಆಯಿಲನ್ನು ಮತ್ತೆ ಡಬ್ಬಿಗೆ ಸುರಿಯಬೇಡಿ, ಚರಂಡಿಗೂ ಸುರಿಯಬೇಡಿ. ಅದು ವಿಷ, ಮಕ್ಕಳು, ನಾಯಿ ಮುಟ್ಟದಂತೆ ಮುಚ್ಚಿಡಿ.

ಗುಳ್ಳೆ ನಿಲ್ಲದಿದ್ದರೆ, ಪೆಡಲ್ ಗಟ್ಟಿಯಾಗದಿದ್ದರೆ

ಕೈಪಂಪಿನಿಂದ ನಿಪ್ಪಲಿನ ಕಡೆಯಿಂದ ಹೀರುವವರಿಗೆ ಗುಳ್ಳೆ ನಿಲ್ಲುವುದೇ ಇಲ್ಲ. ಸಡಿಲವಾದ ನಿಪ್ಪಲಿನ ಮರೆಗಳ (ಥ್ರೆಡ್‌ಗಳ) ಸಂದಿನಿಂದ ಹೊರಗಿನ ಗಾಳಿ ಬರುತ್ತಿರುತ್ತದೆ, ಲೈನಿನಲ್ಲಿರುವುದಲ್ಲ. ಅಂಥಲ್ಲಿ ಕೊನೆಯ ಎರಡು ಮೂರು ಸುತ್ತನ್ನು ಪೆಡಲಿನಿಂದಲೇ ಮಾಡಿ ನೋಡಿ. ಜೊತೆಗೆ ಯಾರೂ ಇಲ್ಲದಿದ್ದರೆ ನಿಪ್ಪಲ್ ತೆರೆದು ಆಯಿಲ್ ತಾನಾಗಿ ತೊಟ್ಟಿಕ್ಕಲು ಬಿಡುವ ಉಪಾಯವಿದೆ. ಗಂಟೆಗಟ್ಟಲೆ ಹಿಡಿದರೂ ಮುಂದಿನ ಕ್ಯಾಲಿಪರುಗಳಿಗೆ ಚೆನ್ನಾಗಿ ನಡೆಯುತ್ತದೆ, ಡಬ್ಬಿಯ ಮೇಲೆ ಕಣ್ಣಿರಬೇಕು.

ಕ್ಯಾಲಿಪರ್ ಬದಲಿಸಿದ ಮೇಲೆ ಏರ್ ಬರುತ್ತಲೇ ಇದ್ದರೆ ನಿಪ್ಪಲ್ ಯಾವ ಕಡೆಗಿದೆ ನೋಡಿ. ಎಡದ್ದನ್ನು ಬಲಕ್ಕೆ ಹಾಕಿದ್ದರೆ ನಿಪ್ಪಲ್ ಕೆಳಗಾಗುತ್ತದೆ, ಗಾಳಿ ಮೇಲೆ ಉಳಿಯುತ್ತದೆ. ಆ ಸ್ಥಿತಿಯಲ್ಲಿ ಒಂದು ಡ್ರಮ್ ಆಯಿಲ್ ಸುರಿದರೂ ಪ್ರಯೋಜನವಿಲ್ಲ. ಮಾಸ್ಟರ್ ಸಿಲಿಂಡರ್ ಹೊಸದಾದರೆ ಅದನ್ನು ಗಾಡಿಗೆ ಕೂರಿಸುವ ಮುಂಚೆಯೇ ವೈಸಿನಲ್ಲಿ ಹಿಡಿದು, ಆಯಿಲ್ ತುಂಬಿ, ಎರಡು ಸಣ್ಣ ಪೈಪುಗಳನ್ನು ಅದರ ಡಬ್ಬಿಗೇ ಮರಳಿಸಿ, ಪಿಸ್ಟನ್ ಒತ್ತಿ ಒತ್ತಿ ಏರ್ ತೆಗೆಯಬೇಕು.

2019ರ ಏಪ್ರಿಲ್ ನಂತರ ಕೊಂಡ ಹೊಸ ಕಾರುಗಳಲ್ಲಿ ಸಾಮಾನ್ಯವಾಗಿ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದೆ. ಡಬ್ಬಿ ಖಾಲಿಯಾಗದಂತೆ ಮೇಲಿನ ಕ್ರಮ ಅನುಸರಿಸಿದರೆ ಅವುಗಳಿಗೂ ಬಹುಪಾಲು ಇದೇ ಸಾಕು. ಎಬಿಎಸ್ ಘಟಕದೊಳಕ್ಕೆ ಏರ್ ಹೊಕ್ಕಿದ್ದರೆ ಅದರ ವಾಲ್ವ್, ಪಂಪ್ ಓಡಿಸಲು ಗಾಡಿಯ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಬೇಕಾಗುತ್ತದೆ. ಅದು ಮನೆಯಲ್ಲಿ ಆಗುವ ಕೆಲಸವಲ್ಲ.

ರಸ್ತೆಗೆ ಇಳಿಸುವ ಮುಂಚೆ

ಡಬ್ಬಿಯನ್ನು ಮ್ಯಾಕ್ಸ್ ಗೆರೆಗೆ ತುಂಬಿ ಮುಚ್ಚಿ. ಪ್ಯಾಡ್ ಅರ್ಧ ಸವೆದ ಗಾಡಿಯಲ್ಲಿ ಮಟ್ಟ ಒಂದಿಷ್ಟು ಕೆಳಗಿದ್ದರೂ ಸರಿ. ಅದರಲ್ಲೂ ಮ್ಯಾಕ್ಸ್‌ವರೆಗೆ ತುಂಬಿದ್ದರೆ, ಮುಂದೆ ಹೊಸ ಪ್ಯಾಡ್ ಹಾಕಲು ಕ್ಯಾಲಿಪರಿನ ಪಿಸ್ಟನ್ ಹಿಂದಕ್ಕೆ ಒತ್ತಿದಾಗ ಆಯಿಲ್ ಮೇಲೆ ಬಂದು ಚೆಲ್ಲುತ್ತದೆ. ಎಂಜಿನ್ ಆಫ್ ಇದ್ದಾಗ ಪೆಡಲ್ ಮೊದಲ ಒತ್ತಿಗೇ ಗಟ್ಟಿ ಸಿಗಬೇಕು, ಒಂದು ನಿಮಿಷ ಜೋರಾಗಿ ಒತ್ತಿ ಹಿಡಿದರೂ ಜಾರಬಾರದು. ಹಾಗೆ ಹಿಡಿದಿರುವಾಗಲೇ ನಾಲ್ಕೂ ನಿಪ್ಪಲ್ ಒಣಗಿವೆಯೇ ಎಂದು ಇನ್ನೊಬ್ಬರು ನೋಡಲಿ. ಚಕ್ರ ಹಾಕಿ, ನಟ್ ಬಿಗಿಸಿ, ಎಂಜಿನ್ ಓಡಿಸಿ ಮತ್ತೊಮ್ಮೆ ಒತ್ತಿ. ಡ್ಯಾಶ್‌ಬೋರ್ಡಿನ ಬ್ರೇಕ್ ದೀಪ ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೂ ಉರಿಯುತ್ತಿದ್ದರೆ ಗಾಡಿ ತೆಗೆಯಬೇಡಿ. ಜನ, ವಾಹನ ಇಲ್ಲದ ಕಡೆ 10-15 ಕಿಲೋಮೀಟರ್ ವೇಗದಲ್ಲಿ ಹತ್ತಾರು ಸಲ ನಿಲ್ಲಿಸಿ ನೋಡಿ, ಹ್ಯಾಂಡ್‌ಬ್ರೇಕ್ ಮೇಲೆ ಕೈಯಿರಲಿ. ಗಾಡಿ ಒಂದು ಕಡೆಗೆ ಎಳೆದರೆ ಅದರ ವಿರುದ್ಧ ಬದಿಯ ಮುಂದಿನ ಚಕ್ರವನ್ನು ಮೊದಲು ಅನುಮಾನಿಸಿ. ಮರುದಿನ ಬೆಳಿಗ್ಗೆ ಡಬ್ಬಿಯ ಮಟ್ಟ, ನಾಲ್ಕು ಚಕ್ರಗಳ ಒಳಬದಿ, ಪೆಡಲ್ ಮೂರನ್ನೂ ಇನ್ನೊಮ್ಮೆ ನೋಡಿ. ಪೆಡಲ್ ಮತ್ತೆ ಮೆತ್ತಗಾಗಿದ್ದರೆ ಸೋರಿಕೆ ಇನ್ನೂ ಸಿಕ್ಕಿಲ್ಲ, ಗಾಡಿಯನ್ನು ಓಡಿಸದೆ ಮೆಕ್ಯಾನಿಕ್‌ನನ್ನೇ ಮನೆಗೆ ಕರೆಸಿ.