ಆಫೀಸಿಗೂ ಟ್ರ್ಯಾಕಿಗೂ ಒಂದೇ ಸೆಕೆಂಡ್ ಹ್ಯಾಂಡ್ ಕಾರು: ಮೈಸೂರಿನಲ್ಲಿ ನಾನು ಆರಿಸುವ ಕ್ರಮ

ಮೈಸೂರಿನವರಿಗೆ ಹತ್ತಿರದ ರೇಸ್ ಟ್ರ್ಯಾಕ್ ಎಂದರೆ ಕೊಯಮತ್ತೂರಿನ ಚೆಟ್ಟಿಪಾಳ್ಯಂನಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇ. ಚಾಮರಾಜನಗರ, ಹಾಸನೂರು, ದಿಂಬಂ ಘಾಟಿ, ಸತ್ಯಮಂಗಲದ ಮೇಲೆ ಹೋದರೆ ಸುಮಾರು 200 ಕಿ.ಮೀ. ಶ್ರೀಪೆರಂಬದೂರಿನ ಬಳಿಯ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ಗಾದರೆ 450 ಕಿ.ಮೀ. ಆಸುಪಾಸು. ಹೋಗುವುದೂ ಅದೇ ಕಾರಿನಲ್ಲಿ, ಟ್ರ್ಯಾಕಿಗೆ ಇಳಿಸುವುದೂ ಅದನ್ನೇ, ಸೋಮವಾರ ಬೆಳಿಗ್ಗೆ ಹೆಬ್ಬಾಳದ ಫ್ಯಾಕ್ಟರಿಗೋ ಮಂಡ್ಯದ ಆಫೀಸಿಗೋ ಹೊರಡುವುದೂ ಅದರಲ್ಲೇ. ಹಾಗಾಗಿ ಕಾರು ನೋಡುವಾಗ ನಾನು ಮೊದಲು ಕೇಳಿಕೊಳ್ಳುವುದು ಎಷ್ಟು ಪಿಎಸ್ (ಎಂಜಿನ್‌ನ ಅಶ್ವಶಕ್ತಿ) ಎಂದಲ್ಲ. ಇದು ಶಾಖ ತಾಳುತ್ತದೆಯೇ, ಹೋದ ಪಾರ್ಟು ಎರಡು ದಿನದಲ್ಲಿ ಮೈಸೂರಿನಲ್ಲೇ ಸಿಗುತ್ತದೆಯೇ ಎಂದು.

ಶಾಖದ ಮಾತು ಏಕೆಂದರೆ, ಟ್ರ್ಯಾಕಿನಲ್ಲಿ ಸಾಧಾರಣ ಕಾರು ಕೈಕೊಡುವುದು ಅಲ್ಲೇ. ಓಡಿಸುವವರೂ ಸೇರಿ 1,000 ಕೆ.ಜಿ. ತೂಗುವ ಕಾರನ್ನು 120ರಿಂದ 60ಕ್ಕೆ ಇಳಿಸಿದರೆ ಬ್ರೇಕು ನುಂಗಬೇಕಾದ ಶಕ್ತಿ ಸುಮಾರು 417 ಕಿಲೋಜೂಲ್. ಕಾರು 1,300 ಕೆ.ಜಿ. ಇದ್ದರೆ ಅದು 540 ದಾಟುತ್ತದೆ. ಬಹುಪಾಲು ಹೊರೆ ಮುಂದಿನ ಎರಡು ಡಿಸ್ಕಿನ ಮೇಲೇ. ಅವು ತಣ್ಣಗಾಗುವ ಮೊದಲೇ ಮುಂದಿನ ತಿರುವು ಬಂದಿರುತ್ತದೆ. ಹಗುರವಾದ ಕಾರು ಬ್ರೇಕ್, ಟೈರ್, ಕ್ಲಚ್ ಮೂರನ್ನೂ ಉಳಿಸುತ್ತದೆ. ಕಡಿಮೆ ದುಡ್ಡಿನಲ್ಲಿ ಟ್ರ್ಯಾಕ್ ಓಡಿಸುವವರಿಗೆ ತೂಕಕ್ಕಿಂತ ದೊಡ್ಡ ಲೆಕ್ಕ ಬೇರೆ ಇಲ್ಲ.

ಈ ಲೆಕ್ಕದಲ್ಲಿ ನನ್ನ ಮೊದಲ ಆಯ್ಕೆ 2018ರಿಂದ 2020ರವರೆಗಿನ ಮಾರುತಿ ಸ್ವಿಫ್ಟ್, ಪೆಟ್ರೋಲ್, ಮ್ಯಾನ್ಯುಯಲ್. ಬರೀ ಕಾರಿನ ತೂಕ 900 ಕೆ.ಜಿ. ಒಳಗೇ ಇದೆ, 1.2 ಲೀಟರ್ ಎಂಜಿನ್‌ಗೆ 83 ಪಿಎಸ್, ಎಬಿಎಸ್ ಎಲ್ಲ ಮಾದರಿಗೂ ಇದೆ. ಸಾಧ್ಯವಾದರೆ ಝಡ್‌ಎಕ್ಸ್‌ಐ ನೋಡಿ. ಅದಕ್ಕೆ 185/65 ಆರ್15 ಟೈರು ಬರುತ್ತದೆ. ವಿಎಕ್ಸ್‌ಐಗೆ 165/80 ಆರ್14. ಎತ್ತರದ ಸೈಡ್‌ವಾಲ್ ಇರುವ ಆ ಟೈರು ಹಂಪ್‌ಗೆ ಒಳ್ಳೆಯದು, ತಿರುವಿನಲ್ಲಿ ಮಡಚಿಕೊಳ್ಳುತ್ತದೆ. 83 ಪಿಎಸ್ ಸಾಲದು ಅನ್ನುವವರಿಗೆ 2017ರಿಂದ ಕೆಲವೇ ವರ್ಷ ಬಂದ ಬಲೆನೋ ಆರ್‌ಎಸ್ ಇದೆ: 1.0 ಲೀಟರ್ ಟರ್ಬೊ, 102 ಪಿಎಸ್, ನಾಲ್ಕೂ ಚಕ್ರಕ್ಕೆ ಡಿಸ್ಕ್, ತೂಕ 950 ಕೆ.ಜಿ. ಸಿಕ್ಕುವುದು ಅಪರೂಪ. ಸಿಕ್ಕರೆ ಹಿಂದಿನ ಕ್ಯಾಲಿಪರ್ ಮತ್ತು ಟರ್ಬೊ ಪೈಪುಗಳನ್ನು ಚೆನ್ನಾಗಿ ನೋಡಿ, ಏಕೆಂದರೆ ಆ ಸಾಮಾನು ಮಾಮೂಲಿ ಬಲೆನೋದಿಂದ ಬರುವುದಿಲ್ಲ.

ಹೋಂಡಾ ಸಿಟಿಯಲ್ಲಿ 2008ರ ಕೊನೆಯಿಂದ 2013ರವರೆಗೆ ಬಂದ 1.5 ಐ-ವಿಟೆಕ್ ಎಂಜಿನ್ 118 ಪಿಎಸ್ ಕೊಡುತ್ತದೆ, ಮೇಲಿನ ಆರ್‌ಪಿಎಂನಲ್ಲಿ ಓಡಿಸಲು ಬಹಳ ಸೊಗಸು. ಆದರೆ ವಯಸ್ಸಾದ ಕಾರು. ಬುಷ್, ಮೌಂಟಿಂಗ್, ರೇಡಿಯೇಟರ್ ಎಲ್ಲಕ್ಕೂ ದುಡ್ಡು ತೆಗೆದಿಡಬೇಕು, 15 ವರ್ಷ ತುಂಬಿದ್ದರೆ ಎಫ್‌ಸಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. 2020ರಿಂದ 2022ರವರೆಗಿನ ಫೋಕ್ಸ್‌ವ್ಯಾಗನ್ ಪೋಲೊ 1.0 ಟಿಎಸ್‌ಐ ಮ್ಯಾನ್ಯುಯಲ್, 110 ಪಿಎಸ್, ಗಟ್ಟಿ ಕಾರು, ಬೆಲೆಯೂ ಹೆಚ್ಚು. ಹಳೆಯ ಜಿಟಿ ಟಿಎಸ್‌ಐನ ಏಳು ಗೇರಿನ ಡಿಎಸ್‌ಜಿಯನ್ನು (ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್) ನಾನು ಟ್ರ್ಯಾಕಿಗೆ ತೆಗೆದುಕೊಳ್ಳುವುದಿಲ್ಲ. ಅದರ ಎರಡೂ ಕ್ಲಚ್ ಆಯಿಲ್ ಇಲ್ಲದೆ ಒಣಗಿ ಕೆಲಸ ಮಾಡುವಂಥವು, ಶಾಖ ಹೊರಹೋಗಲು ದಾರಿ ಕಡಿಮೆ, ರಿಪೇರಿ ಬಂದರೆ ಕಾರಿನ ಬೆಲೆಯಲ್ಲಿ ದೊಡ್ಡ ಪಾಲೇ ಹೋಗುತ್ತದೆ. ಡೀಸೆಲ್ ಸ್ವಿಫ್ಟ್ ಮಂಡ್ಯ ಕಡೆ ಬೇಕಾದಷ್ಟು ಸಿಗುತ್ತವೆ, ಹೈವೇಗೆ ಬಂಗಾರ. ಆದರೆ ಮೂಗಿನ ಮೇಲಿನ ಡೀಸೆಲ್ ಎಂಜಿನ್‌ನ ಹೆಚ್ಚಿನ ತೂಕ ತಿರುವಿನಲ್ಲಿ ಕಾರನ್ನು ಹೊರಕ್ಕೆ ತಳ್ಳುತ್ತದೆ, ಮುಂದಿನ ಟೈರಿನ ಹೊರ ಅಂಚು ಬೇಗ ಸವೆಯುತ್ತದೆ. ಸಿಎನ್‌ಜಿ ಕಿಟ್ ಹಾಕಿಸಿದ ಕಾರು, ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬದಲಾದ ಕಾರು ಬೇಡವೇ ಬೇಡ.

ಕೈಯಲ್ಲಿರುವ ದುಡ್ಡನ್ನೆಲ್ಲ ಕಾರಿಗೇ ಸುರಿಯಬೇಡಿ. ಐದು ಲಕ್ಷ ಇದ್ದರೆ ಕಾರಿಗೆ ನಾಲ್ಕರೊಳಗೆ. ಉಳಿದದ್ದು ಟೈರು, ಬ್ರೇಕು, ಸಸ್ಪೆನ್ಷನ್, ಇನ್ಶೂರೆನ್ಸ್, ಟ್ರಾನ್ಸ್‌ಫರ್‌ಗೆ ಬೇಕೇ ಬೇಕು.

ಕಾರು ನೋಡಲು ಬೆಳಿಗ್ಗೆಯೇ ಹೋಗುತ್ತೇನೆ, ಸ್ಟಾರ್ಟ್ ಮಾಡಿಡಬೇಡಿ ಎಂದು ಮೊದಲೇ ಹೇಳಿರುತ್ತೇನೆ. ಬಾನೆಟ್ ಮುಟ್ಟಿದಾಗ ಬೆಚ್ಚಗಿದ್ದರೆ ಅಂದಿನ ಪರೀಕ್ಷೆ ಅಲ್ಲಿಗೇ ಮುಗಿಯಿತು. ಬಿಸಿ ಎಂಜಿನ್ ತನ್ನ ಕಾಯಿಲೆ ಮುಚ್ಚಿಟ್ಟುಕೊಳ್ಳುತ್ತದೆ. ಆಯಿಲ್ ಮುಚ್ಚಳ ತೆಗೆದು ಒಳಬದಿ ನೋಡಿ. ನೊರೆನೊರೆಯಾದ ಕಂದು ಬಣ್ಣದ ಕೆನೆ ಕಂಡರೆ ಆಯಿಲ್‌ಗೆ ನೀರು ಸೇರುತ್ತಿದೆ ಎಂಬ ಅನುಮಾನ. ಕೂಲಂಟ್ ಡಬ್ಬಿಯಲ್ಲಿ ಎಣ್ಣೆಯ ಪದರ ತೇಲಬಾರದು, ಬರೀ ನಲ್ಲಿ ನೀರು ತುಂಬಿರಬಾರದು. ಸ್ಟಾರ್ಟ್ ಆದ ತಕ್ಷಣ ನೀಲಿ ಹೊಗೆ ಬಂದು ನಿಂತರೆ ಸಾಮಾನ್ಯವಾಗಿ ವಾಲ್ವ್ ಸೀಲ್. ಆಕ್ಸಿಲರೇಟರ್ ಒತ್ತಿದಷ್ಟೂ ನೀಲಿ ಬಂದರೆ ಪಿಸ್ಟನ್ ರಿಂಗ್. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್.

ಟ್ರ್ಯಾಕಿಗೆ ಒಯ್ಯುವ ಕಾರಿಗೆ ಕಂಪ್ರೆಷನ್ ಟೆಸ್ಟ್ (ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಕಟ್ಟುತ್ತದೆ ಎಂದು ಅಳೆಯುವುದು) ತಪ್ಪಿಸಬಾರದು. ಎಂಜಿನ್ ಬೆಚ್ಚಗೆ ಮಾಡಿ, ಎಲ್ಲ ಪ್ಲಗ್ ಬಿಚ್ಚಿ, ಇಂಜೆಕ್ಟರ್‌ನ ಫ್ಯೂಸ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಪ್ರತಿ ಸಿಲಿಂಡರ್‌ಗೂ ಒಂದೇ ಅವಧಿ ಸೆಲ್ಫ್ ಹೊಡೆಯಬೇಕು. ಬ್ಯಾಟರಿ ಇಳಿದಿದ್ದರೆ ಅಂಕಿ ಸುಳ್ಳಾಗುತ್ತದೆ. ಒಂದೊಂದು ಅಂಕಿಗಿಂತ ಅವುಗಳ ನಡುವಿನ ಅಂತರ ಮುಖ್ಯ. ನಾಲ್ಕರ ನಡುವೆ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ನೋಡಿ. ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಇದಕ್ಕೆ ಮಾಲೀಕರು ಒಪ್ಪದಿದ್ದರೆ ಬೇರೆ ಕಾರು ನೋಡುವುದೇ ಮೇಲು.

ಓಡಿಸಲು ರಿಂಗ್ ರಸ್ತೆ ಸಾಕು. ಮೂರನೇ ಗೇರಿನಲ್ಲಿ 40ಕ್ಕೆ ಇಳಿಸಿ ಆಕ್ಸಿಲರೇಟರ್ ಪೂರ್ತಿ ಒತ್ತಿ. ವೇಗ ಏರದೆ ಆರ್‌ಪಿಎಂ ಮಾತ್ರ ಏರಿದರೆ ಕ್ಲಚ್ ಪ್ಲೇಟ್ ಮುಗಿದಿದೆ. ಮೂರರಿಂದ ಎರಡಕ್ಕೆ ಇಳಿಸುವಾಗ ಕರ್ರೆನ್ನಬಾರದು. ಟ್ರ್ಯಾಕಿನಲ್ಲಿ ಅತಿ ಹೆಚ್ಚು ದುಡಿಯುವ ಸಿಂಕ್ರೊ (ಗೇರು ಸಲೀಸಾಗಿ ಕೂರಿಸುವ ಭಾಗ) ಅದೇ. ಖಾಲಿ ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಸುತ್ತು ಹಾಕಿ. ಟಕಟಕ ಸದ್ದು ಬಂದರೆ ಎಕ್ಸಲ್‌ನ ಸಿವಿ ಜಾಯಿಂಟ್. 60–80ರಲ್ಲಿ ಗುಂಯ್ ಸದ್ದು ಬಂದು, ಕಾರು ಎಡಕ್ಕೆ ತಿರುಗಿದಾಗ ಹೆಚ್ಚಾದರೆ ಬಲಗಡೆಯ ಬೇರಿಂಗ್. ಮಂಡ್ಯ ಕಡೆಯ ಕಾರಾದರೆ ಲೋವರ್ ಆರ್ಮ್ ಬುಷ್ ಮತ್ತು ಲಿಂಕ್ ರಾಡ್ ಬಗ್ಗೆ ಹೆಚ್ಚು ಗಮನ ಕೊಡಿ. ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ರಸ್ತೆಗಳ ಗುಂಡಿ ಅವನ್ನೇ ಮೊದಲು ತಿನ್ನುವುದು.

ಬಾಡಿ ನೋಡುವಾಗ ಬಣ್ಣದ ಹೊಳಪಿಗೆ ಮರುಳಾಗಬಾರದು. ಬಾನೆಟ್ ಒಳಗಿನ ಏಪ್ರನ್ (ಚಕ್ರದ ಮೇಲಿನ ಒಳ ತಗಡು), ಲಾಂಗ್ ಮೆಂಬರ್ (ಎಂಜಿನ್ ಹೊರುವ ಉದ್ದನೆಯ ತೊಲೆ), ಬಾಗಿಲಿನ ಪಿಲ್ಲರ್ ಮತ್ತು ಸ್ಟೆಪ್ನಿ ಕೆಳಗಿನ ತಳ ನೋಡಿ. ಕಂಪನಿಯ ಸ್ಪಾಟ್ ವೆಲ್ಡ್ ಸಮ ಅಂತರದಲ್ಲಿ, ದುಂಡಗೆ ಇರುತ್ತದೆ. ಕೈಯಲ್ಲಿ ಹಾಕಿದ ವೆಲ್ಡ್, ಒರಟಾದ ಸೀಲಂಟ್, ಸ್ಪ್ಯಾನರ್ ಗುರುತು ಬಿದ್ದ ಬೋಲ್ಟ್ ಕಂಡರೆ ಅಲ್ಲಿ ಟಿಂಕರಿಂಗ್ ಆಗಿದೆ. ಬಾಗಿಲು, ಫೆಂಡರ್ ಪೇಂಟ್ ಆಗಿದ್ದರೆ ಚಿಂತೆ ಇಲ್ಲ. ಲಾಂಗ್ ಮೆಂಬರ್ ಸೊಟ್ಟಗಾಗಿದ್ದರೆ ಯಾವ ಅಲೈನ್‌ಮೆಂಟೂ ನಿಲ್ಲುವುದಿಲ್ಲ.

ಬೆಂಗಳೂರಿನಿಂದ ಬಂದ ಕಾರಾದರೆ ನೀರಿನಲ್ಲಿ ಮುಳುಗಿತ್ತೇ ಎಂದು ನೋಡಲೇಬೇಕು. 2022ರ ಮಳೆಯಲ್ಲಿ ಅಲ್ಲಿನ ಹೊರವರ್ತುಲ ರಸ್ತೆಯ ಬಡಾವಣೆಗಳಲ್ಲೂ ರಾಮನಗರದ ಹತ್ತಿರ ಹೈವೇಯಲ್ಲೂ ಕಾರುಗಳು ಮುಳುಗಿದ್ದವು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಒಳಗಿನ ತುದಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನ ರೈಲಿನ ತುಕ್ಕು, ಕಾರ್ಪೆಟ್ ಕೆಳಗಿನ ಹೂಳು, ವೈರಿಂಗ್ ಕನೆಕ್ಟರ್‌ನ ಹಸಿರು ಕಿಲುಬು ಇವನ್ನು ವಾಟರ್ ವಾಶ್ ತೆಗೆಯಲಾರದು.

ಮೀಟರ್ ತಿರುಗಿಸಿದ್ದಾರೆಯೇ ಎಂಬುದಕ್ಕೆ ಅಧಿಕೃತ ಸರ್ವಿಸ್ ಸೆಂಟರಿನ ದಾಖಲೆಯೇ ಸಾಕ್ಷಿ. ಕಾರಿನ ಕಂಪ್ಯೂಟರ್ ಓದುವ ಒಂದು ಓಬಿಡಿ ಸ್ಕ್ಯಾನರ್ ಜೊತೆಗಿರಲಿ. ಎರರ್ ಕೋಡ್ ಇಲ್ಲ ಎಂದ ಮಾತ್ರಕ್ಕೆ ನಂಬಬೇಡಿ. ರೆಡಿನೆಸ್ ಮಾನಿಟರ್‌ಗಳು (ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಂಡ ಲೆಕ್ಕ) ಅಪೂರ್ಣ ಎಂದು ತೋರಿಸಿದರೆ ಯಾರೋ ಇತ್ತೀಚೆಗೆ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ.

ಕಾಗದದ ಕೆಲಸ ಸಣ್ಣದು, ಬಿಡುವಂಥದ್ದಲ್ಲ. ಸರ್ಕಾರದ ಆನ್‌ಲೈನ್ ವಾಹನ್ ದಾಖಲೆಯಲ್ಲಿ ಸಾಲದ ನಮೂದು, ಬಾಕಿ ದಂಡ, ಎಷ್ಟನೇ ಮಾಲೀಕರು ಎಂಬುದನ್ನು ನೋಡಿ. ಸಾಲ ಇದ್ದದ್ದಾದರೆ ಆ ನಮೂದು ತೆಗೆಸುವ ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ ಕೈಗೆ ಬಾರದೆ ಪೂರ್ತಿ ದುಡ್ಡು ಕೊಡಬೇಡಿ. ಮಾಲೀಕರ ಹೆಸರು ಬದಲಿಸುವ ಫಾರಂ 29, 30ಕ್ಕೆ ಸಹಿ ಮಾಡಿಸಿ, ಕೊಂಡ 30 ದಿನದೊಳಗೆ ಆರ್‌ಟಿಒಗೆ ಕೊಡಬೇಕು. ಇನ್ಶೂರೆನ್ಸ್ ಹೆಸರು ಬದಲಿಸಲು 14 ದಿನ. ಕೆಎ 09, ಕೆಎ 55, ಕೆಎ 11ರ ಕಾರಾದರೆ ಸಲೀಸು. ಹೊರ ರಾಜ್ಯದ್ದಾದರೆ ಇಲ್ಲಿನ ಲೈಫ್ ಟ್ಯಾಕ್ಸ್ ಸೇರಿಸಿ ನೋಡಿ, ಅಗ್ಗ ಎನಿಸಿದ ಬೆಲೆ ಅಗ್ಗವಾಗಿ ಉಳಿಯದು. ಇನ್ನೊಂದು ಮಾತು, ಸಾಮಾನ್ಯ ಮೋಟಾರ್ ಪಾಲಿಸಿಯಲ್ಲಿ ರೇಸ್ ಮತ್ತು ವೇಗ ಪರೀಕ್ಷೆಗೆ ರಕ್ಷಣೆ ಇಲ್ಲ. ಟ್ರ್ಯಾಕಿನಲ್ಲಿ ಜಜ್ಜಿದರೆ ಖರ್ಚು ನಿಮ್ಮದೇ. ಕಳೆದುಕೊಂಡರೆ ಮನೆ ನಡೆಸಲು ಕಷ್ಟವಾಗುವಷ್ಟು ಬೆಲೆಯ ಕಾರನ್ನು ಅಲ್ಲಿಗೆ ಒಯ್ಯಬಾರದು ಎಂದು ನಾನು ಹೇಳುವುದು ಇದಕ್ಕೇ.

ಕಾರು ಕೈಗೆ ಬಂದ ಮೇಲೆ ಮೊದಲ ಖರ್ಚು ಬ್ರೇಕಿಗೆ. ಎಕ್ಸಾಸ್ಟ್, ಫಿಲ್ಟರ್, ರೀಮ್ಯಾಪ್ ಎಲ್ಲ ಆಮೇಲೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಹೀರಿದಷ್ಟೂ ಕುದಿಯುವ ಬಿಂದು ಇಳಿಯುತ್ತದೆ. ಡಾಟ್ ಎಂಬುದು ಆಯಿಲ್‌ನ ದರ್ಜೆ. ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿ, ತೇವ ಹೀರಿದ ಮೇಲೆ 140. ಡಾಟ್ 4ಕ್ಕೆ 230 ಮತ್ತು 155. ಡಾಟ್ 5.1ಕ್ಕೆ 260 ಮತ್ತು 180. ಇವು ಮೂರೂ ಗ್ಲೈಕಾಲ್ ಜಾತಿಯವು. ಸಿಲಿಕಾನ್‌ನ ಡಾಟ್ 5 ಹೆಸರಿನಲ್ಲಿ ಹತ್ತಿರ, ಅದನ್ನು ಇವುಗಳ ಜೊತೆ ಬೆರೆಸಲೇಬಾರದು. ಒಂದು ಲೀಟರ್ ಹೊಸ ಡಾಟ್ 4 ಅಥವಾ 5.1 ತಂದು, ನಾಲ್ಕೂ ಚಕ್ರದಲ್ಲಿ ಹಳೆಯದು ಪೂರ್ತಿ ಹೋಗಿ ತಿಳಿ ಬಣ್ಣ ಬರುವವರೆಗೆ ಬ್ಲೀಡ್ ಮಾಡಿಸಿ. ಡಬ್ಬಿ ಸೀಲ್ ಒಡೆದು ತಿಂಗಳುಗಟ್ಟಲೆ ಇಟ್ಟದ್ದು ಬೇಡ. ಡಿಸ್ಕಿನ ಮೇಲೆ ಕನಿಷ್ಠ ದಪ್ಪದ ಅಂಕಿ ಒತ್ತಿರುತ್ತಾರೆ. ಅದರ ಹತ್ತಿರ ಬಂದಿದ್ದರೆ ಹೊಸದು ಹಾಕಿಸಿ, ಸ್ಕಿಮ್ಮಿಂಗ್ ಮಾಡಿಸಿ ಇನ್ನೂ ತೆಳುವಾಗಿಸಬೇಡಿ. ತೆಳು ಡಿಸ್ಕ್ ಶಾಖ ಹಿಡಿದಿಟ್ಟುಕೊಳ್ಳಲಾರದು.

ಪ್ಯಾಡ್‌ನಲ್ಲಿ ಪೂರ್ತಿ ರೇಸಿನದು ತರಬೇಡಿ. ಬೆಳಿಗ್ಗೆ ತಣ್ಣಗಿರುವಾಗ ಅದು ಹಿಡಿಯುವುದಿಲ್ಲ, ಸರಸ್ವತಿಪುರಂ ಸಿಗ್ನಲಿನಲ್ಲಿ ಅದು ಅಪಾಯ. ರಸ್ತೆಗೂ ಆಗುವ, ಸ್ವಲ್ಪ ಹೆಚ್ಚು ಶಾಖ ತಾಳುವ ಪ್ಯಾಡ್ ಸಾಕು. ಹೊಸ ಪ್ಯಾಡನ್ನು ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ, 80ರಿಂದ 20ಕ್ಕೆ ಎಂಟು ಹತ್ತು ಸಲ ಇಳಿಸಿ, ಪೂರ್ತಿ ನಿಲ್ಲಿಸದೆ, ಆಮೇಲೆ ನಿಧಾನವಾಗಿ ಓಡಿಸಿ ಆರಿಸಬೇಕು. ಟ್ರ್ಯಾಕಿನಲ್ಲಿ ಪೆಡಲ್ ಮೆತ್ತಗಾಗಿ ತಳಕ್ಕೆ ಇಳಿದರೆ ಬ್ರೇಕ್ ಆಯಿಲ್ ಕುದಿದಿದೆ. ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡ್ ಸೋತಿದೆ. ಎರಡಕ್ಕೂ ಔಷಧ ಬೇರೆ, ಆದ್ದರಿಂದ ಕಾಲಿಗೆ ಏನು ತಿಳಿಯಿತು ಎಂಬುದನ್ನು ನೆನಪಿಡಿ.

ರೇಡಿಯೇಟರ್‌ನಲ್ಲಿ ನಮ್ಮ ಕಡೆಯದೇ ಒಂದು ತೊಂದರೆ ಇದೆ. ಸುಗ್ಗಿಯಲ್ಲಿ ರಸ್ತೆಯ ಮೇಲೆ ಒಕ್ಕಣೆ ಮಾಡುವ ಊರುಗಳಲ್ಲಿ ಓಡಿದ ಕಾರಿನ ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಹೊಟ್ಟು, ಧೂಳು ತುಂಬಿಕೊಂಡಿರುತ್ತದೆ. ಮುಂದಿನಿಂದ ನೋಡಿದರೆ ಕಾಣುವುದಿಲ್ಲ. ಊರೊಳಗೆ ಟೆಂಪರೇಚರ್ ಸರಿಯಾಗೇ ಇರುತ್ತದೆ, ಟ್ರ್ಯಾಕಿನಲ್ಲಿ ಕೆಲವೇ ಸುತ್ತಿಗೆ ಏರುತ್ತದೆ. ಕಂಡೆನ್ಸರ್ ಸಡಿಲಿಸಿ, ಎಂಜಿನ್ ಬದಿಯಿಂದ ಹೊರಕ್ಕೆ ಕಡಿಮೆ ಒತ್ತಡದ ನೀರು ಬಿಟ್ಟು ತೊಳೆಯಬೇಕು. ಪ್ರೆಷರ್ ವಾಶ್ ಹೊಡೆದರೆ ಫಿನ್ ಮಡಚಿಕೊಳ್ಳುತ್ತವೆ. ಮುಚ್ಚಳದ ರಬ್ಬರ್ ಸೀಳಿದ್ದರೆ ಬದಲಿಸಿ. ಎಂಜಿನ್ ಆಯಿಲ್ ಹೊಸದು ಹಾಕಿ, ಡಿಪ್‌ಸ್ಟಿಕ್‌ನ ಮೇಲಿನ ಗೆರೆಯಲ್ಲೇ ಇಡಿ. ಉದ್ದನೆಯ ತಿರುವಿನಲ್ಲಿ ಆಯಿಲ್ ಸಂಪಿನ ಒಂದು ಬದಿಗೆ ಸರಿಯುತ್ತದೆ. ಮಟ್ಟ ಕಡಿಮೆ ಇದ್ದರೆ ಪಂಪ್ ಗಾಳಿ ಎಳೆಯುತ್ತದೆ, ಬೇರಿಂಗ್ ಹೋಗುವುದು ಆಗಲೇ.

ಟೈರಿನ ಬದಿಯ ನಾಲ್ಕಂಕಿ ಓದಿ. 2321 ಎಂದರೆ 2021ರ 23ನೇ ವಾರದ್ದು. ಐದು ವರ್ಷ ದಾಟಿದ ಟೈರನ್ನು ಗ್ರಿಪ್ ಎಷ್ಟೇ ಉಳಿದಿದ್ದರೂ ನಾನು ಟ್ರ್ಯಾಕಿಗೆ ಒಯ್ಯುವುದಿಲ್ಲ. ಸ್ವಿಫ್ಟ್‌ನ ಮುಂದಿನ ಕ್ಯಾಂಬರ್‌ಗೆ (ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲುವ ಕೋನ) ಕಂಪನಿ ಹೊಂದಾಣಿಕೆ ಕೊಟ್ಟಿಲ್ಲ. ಕ್ಯಾಂಬರ್ ಬೋಲ್ಟ್ ಹಾಕಿಸಿ ಮೈನಸ್ ಒಂದೂವರೆ ಡಿಗ್ರಿವರೆಗೆ ತಂದು, ಟೋ (ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಸೊನ್ನೆಗೆ ಇಟ್ಟರೆ ಹೊರ ಅಂಚು ಉಳಿಯುತ್ತದೆ, ದಿನದ ಓಡಾಟಕ್ಕೂ ತೊಂದರೆಯಿಲ್ಲ. ಸ್ಪ್ರಿಂಗ್ ಕತ್ತರಿಸಿ ಕಾರು ಇಳಿಸುವುದು ಮಾತ್ರ ಬೇಡ. ನಮ್ಮ ಹಂಪ್‌ಗಳಿಗೆ ತಳ ತಾಗುತ್ತದೆ, ಡ್ಯಾಂಪರ್ ಬೇಗ ಒಡೆಯುತ್ತದೆ.

ಹೊರಡುವ ದಿನ ದಿಂಬಂನ 27 ಹೇರ್‌ಪಿನ್ ಇಳಿಯುವಾಗ ಎರಡನೇ ಗೇರಿನಲ್ಲಿ ಎಂಜಿನ್ ಹಿಡಿತದಲ್ಲೇ ಇಳಿಸಿ. ಟ್ರ್ಯಾಕ್ ಮುಟ್ಟುವ ಮುಂಚೆಯೇ ಬ್ರೇಕ್ ಬೇಯಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಆ ಕಾಡಿನ ದಾರಿಗೆ ರಾತ್ರಿ ಸಂಚಾರ ನಿರ್ಬಂಧ ಇದೆ, ವಾಪಸ್ ಬರುವ ಸಮಯವನ್ನು ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಿ. ಟ್ರ್ಯಾಕಿನಲ್ಲಿ ಸ್ಟೆಪ್ನಿ, ಜ್ಯಾಕ್, ಮ್ಯಾಟ್ ಎಲ್ಲ ಇಳಿಸಿ. ಟೈರು ತಣ್ಣಗಿದ್ದಾಗ ಗಾಳಿ 30–31 ಪಿಎಸ್‌ಐ ಇಟ್ಟು ಶುರು ಮಾಡಿ, ಪ್ರತಿ ಸೆಷನ್ ಮುಗಿದ ಕೂಡಲೇ ಅಳೆಯಿರಿ. 36 ದಾಟಿದ್ದರೆ ಇಳಿಸಿ. ಟೈರಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದಿಟ್ಟರೆ ಎಷ್ಟು ಮಡಚುತ್ತಿದೆ ಎಂದು ಕಣ್ಣಿಗೇ ಕಾಣುತ್ತದೆ. ಒಂದು ಸೆಷನ್‌ಗೆ ಹತ್ತು ಹನ್ನೆರಡು ನಿಮಿಷ ಸಾಕು, ಕೊನೆಯ ಸುತ್ತು ಬ್ರೇಕ್ ಮುಟ್ಟದೆ ನಿಧಾನಕ್ಕೆ. ನಿಂತ ಮೇಲೆ ಹ್ಯಾಂಡ್ ಬ್ರೇಕ್ ಎಳೆಯಬೇಡಿ. ಬಿಸಿಯಾದ ಡ್ರಮ್ಮಿಗೆ ಲೈನರ್ ಅಂಟಿಕೊಳ್ಳಬಹುದು. ಒಂದೆರಡು ನಿಮಿಷ ಎಂಜಿನ್ ಐಡಲ್‌ನಲ್ಲಿ ಬಿಟ್ಟು, ಆಮೇಲೆ ಆಫ್ ಮಾಡಿ ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ.

ಸಂಜೆ ಮನೆಗೆ ಹೊರಡುವ ಮೊದಲು, ಎಲ್ಲ ತಣ್ಣಗಾದ ಮೇಲೆ, ವೀಲ್ ನಟ್‌ಗಳನ್ನು ಮ್ಯಾನ್ಯುಯಲ್‌ನಲ್ಲಿರುವ ಟಾರ್ಕ್‌ಗೆ ಮತ್ತೆ ಬಿಗಿ ಮಾಡಿ. ಬಿಸಿಯಲ್ಲಿ ಗಾಳಿ ಇಳಿಸಿದ ಟೈರು ತಣ್ಣಗಾದಾಗ ಹೈವೇಗೆ ತೀರ ಕಡಿಮೆಯಾಗಿರುತ್ತದೆ, ಬಾಗಿಲಿನ ಸ್ಟಿಕರ್‌ನಲ್ಲಿರುವಷ್ಟು ತುಂಬಿಸಿ. ಪ್ಯಾಡ್ ಎಷ್ಟು ಉಳಿದಿದೆ ಎಂದು ಟಾರ್ಚ್ ಬಿಟ್ಟು ನೋಡಿ. 3 ಮಿ.ಮೀ.ಗಿಂತ ಕಡಿಮೆ ಇದ್ದರೆ ಜೊತೆಗೆ ತಂದ ಹಳೆಯ ಪ್ಯಾಡನ್ನು ಅಲ್ಲೇ ಹಾಕಿಕೊಂಡು ಘಾಟಿ ಹತ್ತಿ.